25 ಮೀಟರಿನಲ್ಲೇ ಗ್ರೂಪ್ ಒಡೀತಿದೆ, 50 ಮೀಟರಿಗೆ ಬೇರೆ ಏರ್ ರೈಫಲ್ ತಗೋಬೇಕಾ? (ಬಜೆಟ್ 40 ಸಾವಿರ)

ಸೋಂದಾ_ಗುರಿ
ಎಲ್ಲರಿಗೂ ನಮಸ್ಕಾರ. ಊರು ಶಿರಸಿ ಹತ್ತಿರ. ಈಗಿರೋದು .177 (4.5 ಮಿ.ಮೀ.) ಬೋರಿನ ಬ್ರೇಕ್ ಬ್ಯಾರೆಲ್, ಅಂದರೆ ಬ್ಯಾರೆಲ್ ಮಡಿಸಿ ಬಿಗಿಯುವ, ಸ್ಪ್ರಿಂಗ್ ರೈಫಲ್, 3-9×40 ಸ್ಕೋಪ್, ಅದನ್ನು ರೈಫಲ್ಲಿಗೆ ಹಿಡಿಸುವ ಎರಡು ಬಿಡಿ ರಿಂಗಿನ ಮೌಂಟ್. ಹೊಡೆಯೋದು ಕಾಗದದ ಗುರಿಗೆ ಮಾತ್ರ. 25 ಮೀಟರಿನಲ್ಲಿ ಐದು ಗುಂಡಿನ ಗ್ರೂಪ್ 6-7 ಸೆಂ.ಮೀ. ಹರಡುತ್ತದೆ, ಅದೂ ಹೆಚ್ಚಾಗಿ ಮೇಲೆ-ಕೆಳಗೆ. ಝೀರೋ ಮಾಡಿಟ್ಟರೂ (ಸ್ಕೋಪಿನ ಗುರಿಯನ್ನು ಗುಂಡು ತಾಗುವ ಜಾಗಕ್ಕೆ ಹೊಂದಿಸಿಟ್ಟರೂ) ಇಪ್ಪತ್ತು ಮೂವತ್ತು ಗುಂಡು ಆಗುವಷ್ಟರಲ್ಲಿ ಮತ್ತೆ ಸರಿದಿರುತ್ತದೆ. 50 ಮೀಟರಿನಲ್ಲಿ ಚೆನ್ನಾಗಿ ಹೊಡೆಯೋ ಆಸೆ. ಅಂಗಡಿಯವರು ಸೆಕೆಂಡಿಗೆ 1,200 ಅಡಿ ವೇಗದ್ದು ತಗೊಳ್ಳಿ ಅಂತಾರೆ. ತಗೊಳ್ಳಲಾ?

ಕಾಳಿ_ಸಂಗಮ (ಕಾರವಾರ)
ಸದ್ಯಕ್ಕೆ ದುಡ್ಡು ಕೈಲಿಟ್ಕೊಳ್ಳಿ ಸರ್. ಮೇಲೆ-ಕೆಳಗೆ ಹರಡೋದು, ಝೀರೋ ನಿಧಾನಕ್ಕೆ ಸರಿಯೋದು, ಈ ಎರಡು ಲಕ್ಷಣ ಒಟ್ಟಿಗಿದ್ದರೆ ಮೊದಲು ನೋಡಬೇಕಾದ್ದು ಮೌಂಟ್ ಮತ್ತು ಸ್ಕೋಪ್. ಬ್ಯಾರೆಲ್ ಆಮೇಲೆ.

ಸ್ಪ್ರಿಂಗ್ ರೈಫಲ್ ಎರಡು ದಿಕ್ಕಿಗೆ ಒದೆಯುತ್ತದೆ. ಪಿಸ್ಟನ್ ಮುಂದೆ ಓಡುವಾಗ ರೈಫಲ್ ಹಿಂದಕ್ಕೆ, ಪಿಸ್ಟನ್ ಗಾಳಿಗೆ ಬಡಿದು ನಿಂತಾಗ ಮುಂದಕ್ಕೆ. ಆ ಮುಂದಿನ ಒದೆತಕ್ಕೆ ರೈಫಲ್ ಮುಂದೆ ಹೋಗುತ್ತದೆ, ಸ್ಕೋಪ್ ಇದ್ದಲ್ಲೇ ನಿಲ್ಲಲು ನೋಡುತ್ತದೆ. ಅಂದರೆ ಮೌಂಟ್ ತಾನು ಕೂತ, ರೈಫಲ್ಲಿನ ಬೆನ್ನಿನ ಹಳಿಯ ಮೇಲೆ ಕೂದಲೆಳೆಯಷ್ಟು ಹಿಂದೆ ಜಾರುತ್ತದೆ. ಬಂದೂಕಿನ ಸ್ಕೋಪುಗಳು ಒಂದೇ ದಿಕ್ಕಿನ ಒದೆತಕ್ಕೆ ಮಾಡಿದವು. ಈ ಎರಡನೇ ಒದೆತಕ್ಕೆ ಅವುಗಳ ಒಳಗಿನ ಗಾಜು, ಸ್ಪ್ರಿಂಗು ಸಡಿಲಾಗುತ್ತವೆ.

ಈ ಕ್ರಮದಲ್ಲಿ ನೋಡಿ:

ಹಿಂದಿನ ಮೌಂಟ್ ಎಲ್ಲಿ ಮುಗಿಯುತ್ತದೋ ಅಲ್ಲಿ ಹಳಿಯ ಮೇಲೆ ಉಗುರುಬಣ್ಣದ ಒಂದು ಗೆರೆ ಎಳೆಯಿರಿ. ಇಪ್ಪತ್ತು ಗುಂಡು ಹೊಡೆದ ಮೇಲೆ ಗೆರೆಗೂ ಮೌಂಟಿಗೂ ನಡುವೆ ಸಂದು ಕಂಡರೆ ಕಳ್ಳ ಸಿಕ್ಕ ಹಾಗೆ.

ಮುಂಗೈ ಭಾಗದ (ಮುಂದಿನ ಕೈ ಹಿಡಿಯುವ ಕಡೆಯ) ಎರಡು ಸ್ಕ್ರೂ, ಟ್ರಿಗರ್ ಗಾರ್ಡಿನ ಸ್ಕ್ರೂ ಬಿಗಿ ಇವೆಯಾ ನೋಡಿ. ಇವು ಸಡಿಲಾಗೋದು ಈ ಜಾತಿಯ ರೈಫಲ್ಲಿನ ಹುಟ್ಟುಗುಣ. ಬಿಚ್ಚಿ, ಸ್ಪಿರಿಟ್ಟಿನಲ್ಲಿ ಒರೆಸಿ, ನೀಲಿ ಬಣ್ಣದ ಥ್ರೆಡ್ ಲಾಕರ್ (ಸ್ಕ್ರೂ ಸಡಿಲಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಿ ಬಿಗಿಯಿರಿ. ಕೆಂಪು ಬೇಡ, ಆಮೇಲೆ ಬಿಚ್ಚಲಿಕ್ಕಾಗೋದಿಲ್ಲ.

ಬ್ಯಾರೆಲ್ ಕೂಡುವಲ್ಲಿ, ಮೇಲ್ಗಡೆ ತೆಳು ಟಿಶ್ಯೂ ಕಾಗದದ ಚೂರು ಇಟ್ಟು ಹೊಡೆಯಿರಿ. ಕಾಗದ ಹಾರಿದರೆ ಓ-ರಿಂಗ್ ಸವೆದಿದೆ, ಗಾಳಿ ಸೋರುತ್ತಿದೆ, ಪ್ರತಿ ಗುಂಡಿಗೂ ವೇಗ ಬೇರೆ.

ಕೊನೆಯದು: ಸ್ಕೋಪ್ ತೆಗೆದು ಲೋಹದ ಸೈಟಿನಲ್ಲೇ 10 ಮೀಟರಿಗೆ ಐದು ಗುಂಡು. ಅದರಲ್ಲಿ ಗ್ರೂಪ್ ಚಿಕ್ಕದಾದರೆ ಬ್ಯಾರೆಲ್ಲಿಗೆ ದೋಷ ಹೊರಿಸಬೇಡಿ.

ಸ್ಕೋಪಿನ ಮೇಲಿನ ಟರೆಟ್ (ಗುರಿಯ ಎತ್ತರ ಹೊಂದಿಸುವ ತಿರುಪು) ಎಷ್ಟು ತಿರುಗಿಸಿದ್ದೀರಿ ಅನ್ನೋದನ್ನೂ ಹೇಳಿ, ಅದು ಮುಖ್ಯ.

ಸೋಂದಾ_ಗುರಿ
ಎಲ್ಲ ನೋಡಿದೆ. ಟಿಶ್ಯೂ ಅಲ್ಲಾಡಲಿಲ್ಲ. ಮುಂಗೈಯ ಒಂದು ಸ್ಕ್ರೂ ಅರ್ಧ ಸುತ್ತು ಸಡಿಲ ಇತ್ತು. ಉಗುರುಬಣ್ಣದ ಗೆರೆಯಿಂದ ಮೌಂಟ್ ಸುಮಾರು ಅರ್ಧ ಮಿ.ಮೀ. ಹಿಂದೆ ಬಂದಿದೆ. ಲೋಹದ ಸೈಟಿನಲ್ಲಿ 10 ಮೀಟರಿಗೆ ಐದೂ ಗುಂಡು 12 ಮಿ.ಮೀ. ಒಳಗೆ. ಮೇಲಿನ ಟರೆಟ್ ತುದಿ ಮುಟ್ಟಲಿಕ್ಕೆ ಒಂದು ಸುತ್ತೂ ಉಳಿದಿಲ್ಲ.

ಕಾಳಿ_ಸಂಗಮ (ಕಾರವಾರ)
ಹಾಗಿದ್ದರೆ ರೈಫಲ್ ಚೆನ್ನಾಗೇ ಇದೆ. ನಿಮ್ಮಲ್ಲಿ ಇರೋದು ಎರಡು ಬೇರೆ ಬೇರೆ ತೊಂದರೆ.

ಜಾರೋದಕ್ಕೆ ಮದ್ದು: ಹಳಿ ಮತ್ತು ಮೌಂಟಿನ ಹಲ್ಲು ಸ್ಪಿರಿಟ್ಟಿನಲ್ಲಿ ತೊಳೆದು ಎಣ್ಣೆಪಸೆ ಪೂರ್ತಿ ತೆಗೆಯಿರಿ. ನಮ್ಮ ಕಡೆ ತುಕ್ಕಿನ ಹೆದರಿಕೆಗೆ ಎಲ್ಲದಕ್ಕೂ ಎಣ್ಣೆ ಸವರಿ ಇಡ್ತೇವೆ, ಮೌಂಟ್ ಕೂರುವ ಜಾಗಕ್ಕೆ ಅದೇ ಶತ್ರು. ಬಿಡಿ ರಿಂಗ್ ಬಿಟ್ಟು 11 ಮಿ.ಮೀ. ಹಳಿಗೆ ಕೂರುವ, ತಡೆಪಿನ್ ಇರುವ ಒಂದೇ ತುಂಡಿನ ಮೌಂಟ್ ತಗೊಳ್ಳಿ. ಹಳಿಯ ಹಿಂದೆ ಇರುವ ತೂತಿನಲ್ಲಿ ಆ ಪಿನ್ ಇಳಿಯಬೇಕು. ರಿಂಗಿನ ಮೇಲ್ಮುಚ್ಚಳದ ಸ್ಕ್ರೂಗಳನ್ನು ಎದುರು ಮೂಲೆಯಿಂದ ಎದುರು ಮೂಲೆಗೆ ಒಂದಾದ ಮೇಲೊಂದು, 2 ನ್ಯೂಟನ್-ಮೀಟರ್ ಒಳಗೆ ಬಿಗಿಯಿರಿ. ಅದಕ್ಕಿಂತ ಹೆಚ್ಚು ಒತ್ತಿದರೆ ಸ್ಕೋಪಿನ ಕೊಳವೆಯೇ ನೆಗ್ಗುತ್ತದೆ.

ಇನ್ನು ಟರೆಟ್. ಬ್ರೇಕ್ ಬ್ಯಾರೆಲ್ ಸ್ವಲ್ಪ ಕೆಳಗೆ ಬಾಗಿ ಕೂರೋದು ಸಾಮಾನ್ಯ. ಅದನ್ನು ಸರಿದೂಗಿಸಲಿಕ್ಕೆ ಟರೆಟ್ ತುದಿಯವರೆಗೆ ಎತ್ತಿದ್ದೀರಿ. ಆ ತುದಿಯಲ್ಲಿ ಒಳಗಿನ ಸ್ಪ್ರಿಂಗ್ ಪೂರ್ತಿ ಹಿಗ್ಗಿ ಹಿಡಿತ ಕಳ್ಕೊಳ್ಳುತ್ತದೆ, ಪ್ರತಿ ಒದೆತಕ್ಕೂ ಕ್ರಾಸ್‌ಹೇರ್ ಒಂದೊಂದು ಕಡೆ ಕೂರುತ್ತದೆ. ನಿಮ್ಮ ಮೇಲೆ-ಕೆಳಗೆ ಹರಡುವಿಕೆಗೆ ದೊಡ್ಡ ಕಾರಣ ಇದೇ.

ಟರೆಟ್ ಒಂದು ತುದಿಯಿಂದ ಇನ್ನೊಂದಕ್ಕೆ ಕ್ಲಿಕ್ ಎಣಿಸಿ ಸರಿಯಾಗಿ ಅರ್ಧಕ್ಕೆ ತನ್ನಿ. ಹಾಗೇ 25 ಮೀಟರಿಗೆ ಹೊಡೆದು, ಗುಂಡು ಎಷ್ಟು ಕೆಳಗೆ ಬೀಳುತ್ತದೆ ಅಳೆಯಿರಿ. ಹಿಂದಿನ ರಿಂಗಿನೊಳಗೆ, ಕೊಳವೆಯ ಕೆಳಗೆ ಎಷ್ಟು ದಪ್ಪದ ತಗಡು ಕೊಡಬೇಕು ಅನ್ನೋ ಲೆಕ್ಕ: ಎರಡು ರಿಂಗಿನ ನಡುವಿನ ಅಂತರವನ್ನು ಬಿದ್ದ ಅಳತೆಯಿಂದ ಗುಣಿಸಿ ದೂರದಿಂದ ಭಾಗಿಸಿ. ಅಂತರ 100 ಮಿ.ಮೀ. ಇದ್ದು ಗುಂಡು 70 ಮಿ.ಮೀ. ಕೆಳಗೆ ಬಿದ್ದರೆ 100 × 70 ÷ 25,000, ಅಂದರೆ 0.28 ಮಿ.ಮೀ. ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿಯ ಗೋಡೆ ಹತ್ತಿರ ಹತ್ತಿರ 0.1 ಮಿ.ಮೀ. ಇರುತ್ತದೆ. ರಿಂಗಿನ ಅಗಲಕ್ಕೆ ಕತ್ತರಿಸಿ, ಅಂಚು ಮರಳುಕಾಗದದಲ್ಲಿ ಉಜ್ಜಿ, ಎರಡು ಪದರ ಹಾಕಿದರೆ 50 ಮಿ.ಮೀ. ಏರುತ್ತದೆ. ಉಳಿದ 20 ಮಿ.ಮೀ. ಟರೆಟ್ಟಿನ ಹನ್ನೊಂದು ಕ್ಲಿಕ್ಕಿಗೆ ಬಂತು (ಕಾಲು ಮಿನಿಟಿನ ಕ್ಲಿಕ್ ಆದರೆ, ಮಿನಿಟ್ ಅಂದರೆ ಇಲ್ಲಿ ಡಿಗ್ರಿಯ ಅರವತ್ತನೇ ಒಂದು ಭಾಗ, 25 ಮೀಟರಿನಲ್ಲಿ ಒಂದಕ್ಕೆ 1.8 ಮಿ.ಮೀ.). ಮೂರನೇ ಪದರ ಹಾಕಬೇಡಿ, ಕೊಳವೆ ಬಾಗುತ್ತದೆ. ಅಷ್ಟು ಬೇಕಾದರೆ ಹಿಂದೆ ಎತ್ತರ ಇರುವ ಮೌಂಟೇ ಸಿಗುತ್ತದೆ, ಅದನ್ನು ತಗೊಳ್ಳೋದು ಒಳ್ಳೇದು.

ಮತ್ತಿಘಟ್ಟ
ಹಿಡಿಯೋ ಕ್ರಮ ಯಾರೂ ಕೇಳಲೇ ಇಲ್ಲವಲ್ಲ. ಮುಂಗೈ ಭಾಗವನ್ನು ಮರಳುಚೀಲದ ಮೇಲೆ ನೇರ ಇಟ್ಟು ಹೊಡೆಯುತ್ತಿದ್ದರೆ ಸ್ಪ್ರಿಂಗ್ ರೈಫಲ್ ಪ್ರತಿ ಸಲ ಬೇರೆ ಕಡೆ ಕುಪ್ಪಳಿಸುತ್ತದೆ. ಚೀಲದ ಮೇಲೆ ಕೈ, ಬಿಚ್ಚಿದ ಅಂಗೈ ಮೇಲೆ ರೈಫಲ್, ಅದೂ ಟ್ರಿಗರ್ ಗಾರ್ಡಿನ ತುಸು ಮುಂದೆ ಪ್ರತಿ ಸಲ ಅದೇ ಜಾಗದಲ್ಲಿ. ಬೆರಳು ಸುತ್ತಿ ಹಿಡಿಯಬೇಡಿ, ಭುಜಕ್ಕೆ ಮೆತ್ತಗೆ ತಾಗಿಸಿ. ಅದು ಒದೆಯುವಷ್ಟೂ ಒದೆಯಲಿ.

ಮತ್ತೆ ಆ 1,200 ಅಡಿ ಮಾತು ನಂಬಬೇಡಿ ಮಾರಾಯ್ರೇ. ಪೆಟ್ಟಿಗೆ ಮೇಲಿನ ಆ ವೇಗ ಹಗುರ ಅಲಾಯ್ ಗುಂಡಿನದ್ದು. ಶಬ್ದದ ವೇಗದ ಹತ್ತಿರ ಹೋದ ಸೀಸದ ಪೆಲೆಟ್ ದಾರಿಯಲ್ಲೇ ಓಲಾಡುತ್ತದೆ. 8.44 ಗ್ರೇನಿನ (ಅರ್ಧ ಗ್ರಾಂ ಚಿಲ್ಲರೆ ತೂಕದ) ಗುಂಡು ಸೆಕೆಂಡಿಗೆ 800 ಅಡಿ ಹೋದರೆ ಶಕ್ತಿ 16 ಜೂಲ್ ಚಿಲ್ಲರೆ. ಕಾಗದಕ್ಕೆ ಧಾರಾಳ ಸಾಕು. ನಮ್ಮಲ್ಲಿ 4.5 ಮಿ.ಮೀ. ಬೋರಿನೊಳಗೆ, 20 ಜೂಲ್ ದಾಟದ ಏರ್ ರೈಫಲ್ಲಿಗೆ ಮಾತ್ರ ಲೈಸೆನ್ಸ್ ಬೇಡ. .22 ಬೋರ್ ಏರ್ ರೈಫಲ್ ಆದರೂ ಲೈಸೆನ್ಸ್ ಬೇಕು. ಹೆಚ್ಚು ಶಕ್ತಿ ಅಂತ ಹುಡುಕಿ ಹೋಗಬೇಡಿ.

ಸೋಂದಾ_ಗುರಿ
ತಗಡು, ಒಂದೇ ತುಂಡಿನ ಮೌಂಟ್, ಅಂಗೈ ಹಿಡಿತ ಎಲ್ಲ ಆಯ್ತು. 25 ಮೀಟರಿನಲ್ಲಿ ಈಗ 22 ಮಿ.ಮೀ. ಗೆರೆ ಅಲ್ಲಾಡಿಲ್ಲ. ತುಂಬಾ ಉಪಕಾರ ಆಯ್ತು. 50 ಮೀಟರಿನಲ್ಲಿ ಮಾತ್ರ ಎಡಬಲಕ್ಕೆ 8-9 ಸೆಂ.ಮೀ. ಹೋಗ್ತದೆ. ಇದಕ್ಕಾದರೂ ಪಿಸಿಪಿ (ಸಿಲಿಂಡರಿನಲ್ಲಿ ಮೊದಲೇ ಗಾಳಿ ತುಂಬಿಡುವ ಏರ್ ರೈಫಲ್) ಬೇಕಾ?

ಕಾಳಿ_ಸಂಗಮ (ಕಾರವಾರ)
ಎಡಬಲ ಅಂದರೆ ಗಾಳಿ. ನೀವು ಹೊಡೆಯೋ ಗುಂಡಿಗೆ ಸೆಕೆಂಡಿಗೆ 2 ಮೀಟರ್ ಅಡ್ಡಗಾಳಿ ತಾಗಿದರೆ 25 ಮೀಟರಿನಲ್ಲಿ ಒಂದೂವರೆ ಸೆಂ.ಮೀ. ಸರಿಯುತ್ತದೆ, 50 ಮೀಟರಿನಲ್ಲಿ ಹತ್ತಿರ ಹತ್ತಿರ 6 ಸೆಂ.ಮೀ. ದೂರ ದುಪ್ಪಟ್ಟು, ಸರಿಯೋದು ನಾಲ್ಕು ಪಟ್ಟು. ಎರಡು ಮೀಟರ್ ಅಂದರೆ ಮುಖಕ್ಕೆ ತಂಪು ತಾಗುವಷ್ಟೇ. ಗುರಿಗೂ ನಿಮಗೂ ನಡುವೆ ಎರಡು ಕಡೆ ಕೋಲಿಗೆ ಉಣ್ಣೆದಾರ ಕಟ್ಟಿ, ಅದು ಒಂದೇ ಕೋನದಲ್ಲಿ ನಿಂತಾಗ ಮಾತ್ರ ಹೊಡೆಯಿರಿ. ಕರಾವಳಿಯಲ್ಲಾದರೆ ಮಧ್ಯಾಹ್ನದ ಮೇಲೆ ಕಡಲಗಾಳಿ ಎದ್ದುಬಿಡುತ್ತದೆ, ಬೆಳಗಿನ ಒಂಬತ್ತರೊಳಗೆ ಮುಗಿಸೋದೇ ಲೇಸು. ರೈಫಲ್ ಬದಲಿಸಿದರೂ ಗಾಳಿ ಅದೇ.

ಪಿಸಿಪಿಯ ಲಾಭ ಬೇರೆ. ಒದೆತ ಇಲ್ಲ, ಹಿಡಿತದ ತಪ್ಪನ್ನು ಕ್ಷಮಿಸುತ್ತದೆ. ಗಾಳಿಯ ಒತ್ತಡ ಹದದಲ್ಲಿಡುವ ರೆಗ್ಯುಲೇಟರ್ ಇದ್ದರೆ ವೇಗ ಒಂದೇ ಸಮ ಇರುತ್ತದೆ. ಗುಂಡಿನಿಂದ ಗುಂಡಿಗೆ ಸೆಕೆಂಡಿಗೆ 10 ಮೀಟರ್ ವ್ಯತ್ಯಾಸ ಬಂದರೆ 50 ಮೀಟರಿನಲ್ಲಿ 2 ಸೆಂ.ಮೀ. ಮೇಲೆ-ಕೆಳಗೆ ಆಗುತ್ತದೆ ಅನ್ನೋದನ್ನು ನೋಡಿದರೆ ರೆಗ್ಯುಲೇಟರಿಗೆ ಕೊಡುವ ದುಡ್ಡು ದಂಡ ಅಲ್ಲ. ನಮ್ಮ ದೇಶದ್ದೇ ಪ್ರೆಸಿಹೋಲ್‌ನ ಅಕಿಲೀಸ್ ಪಿಸಿಪಿ ಇದೆ, ಬಿಡಿಭಾಗ ಇಲ್ಲೇ ಸಿಗುತ್ತದೆ. ಆದರೆ ಬಜೆಟ್ ಹಾಕುವಾಗ ರೈಫಲ್ಲಿನ ಬೆಲೆ ಮಾತ್ರ ನೋಡಬೇಡಿ. ಕೈಪಂಪು, ಹತ್ತು ಮೀಟರಿಗೂ ಫೋಕಸ್ ಇಳಿಯುವ ಪ್ಯಾರಲ್ಯಾಕ್ಸ್ (ಕಣ್ಣು ಸರಿದರೆ ಗುರಿಯೂ ಸರಿದಂತೆ ಕಾಣೋದು) ಹೊಂದಿಕೆಯ ಸ್ಕೋಪ್, ಗುಂಡು ಮೂರೂ ಸೇರಬೇಕು. 40 ಸಾವಿರದಲ್ಲಿ ಎಲ್ಲ ಹಿಡಿಸೋದು ಕಷ್ಟ. ನನ್ನ ಮಟ್ಟಿಗೆ ಈ ವರ್ಷ ಸ್ಕೋಪ್ ಒಂದು, ಒಳ್ಳೆ ಗುಂಡು ನಾಲ್ಕು ತರದ್ದು ಒಂದೊಂದು ಡಬ್ಬಿ. ಜೆಎಸ್‌ಬಿ ಎಕ್ಸಾಕ್ಟ್ 8.44ರಲ್ಲೇ 4.51, 4.52 ಮಿ.ಮೀ. ಅಗಲದ ತಲೆಯವು ಎರಡೂ, ಎಚ್ ಆ್ಯಂಡ್ ಎನ್ ಫೀಲ್ಡ್ ಟಾರ್ಗೆಟ್ ಟ್ರೋಫಿ, ಒಂದು ಹಗುರದ್ದು. ಗುಂಡು ಬದಲಿಸಿದಾಗ ಮೊದಲ ಇಪ್ಪತ್ತು ಮೂವತ್ತರ ಫಲಿತಾಂಶ ಎಣಿಸಬೇಡಿ, ಬ್ಯಾರೆಲ್ ಆ ಸೀಸಕ್ಕೆ ಹೊಂದಿಕೊಳ್ಳಬೇಕು.

ಭಟ್ಕಳ_ಬದಿ
ಪಿಸಿಪಿ ತಗೊಳ್ಳೋರಿಗೆ ಒಂದು ಮಾತು. ಮಳೆಗಾಲದಲ್ಲಿ ಕೈಪಂಪು ಒತ್ತಿದರೆ ಗಾಳಿಯ ಜೊತೆ ನೀರನ್ನೂ ಸಿಲಿಂಡರಿಗೆ ತುಂಬಿದ ಹಾಗೆ, ಒಳಗೆ ತುಕ್ಕು. ಐವತ್ತು ಸಲ ಒತ್ತಿ, ಬ್ಲೀಡ್ ಸ್ಕ್ರೂ ಬಿಟ್ಟು ನೀರು ಹೊರಹಾಕಿ, ಪಂಪು ತಣಿಯಲು ಬಿಟ್ಟು ಮುಂದುವರಿಸಿ. ಮುರ್ಡೇಶ್ವರದಲ್ಲಿ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಕರ್ಕೊಂಡು ಹೋಗುವವರ ಕಂಪ್ರೆಸರಿನ ಗಾಳಿ ಸೋಸಿ ಒಣಗಿಸಿದ್ದು. ಪರೀಕ್ಷೆ ಆದ ಸ್ಕೂಬಾ ಸಿಲಿಂಡರ್ ನಿಮ್ಮದಿದ್ದರೆ ಕೇಳಿ ನೋಡಬಹುದು. ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಯಾವ ಕಾರಣಕ್ಕೂ ತುಂಬಿಸಬೇಡಿ, ಸಿಡಿಯುತ್ತದೆ. ಒಳಗಿನ ಸೀಲಿಗೆ ಸಿಲಿಕೋನ್ ಗ್ರೀಸ್ ಮಾತ್ರ, ಹೊಲಿಗೆ ಮಿಷನ್ ಎಣ್ಣೆ ಕೂಡದು.

ಸೋಂದಾ_ಗುರಿ
ಹಾಗಾದರೆ ಸ್ಕೋಪ್, ಗುಂಡು, ಅಷ್ಟೇ. 50 ಮೀಟರಿಗೆ ಗುರಿಯ ಹಿಂದೆ ಚಿರೆಕಲ್ಲಿನ ಪಾಗಾರ ಇದೆ, ಸಾಕಲ್ಲ?

ಮತ್ತಿಘಟ್ಟ
ಸಾಲದು. ಚಿರೆಕಲ್ಲಿಗೆ ತಾಗಿದ ಸೀಸ ವಾಪಸ್ ಚಿಮ್ಮುತ್ತದೆ. ತೋಟದ ಬದಿಗೆ ಕಡಿದ ಮಣ್ಣಿನ ಧರೆ ಇದ್ದರೆ ಅದರ ಮುಂದೆ ಹಾಕಿ, ಮೇಲೆ ಯಾರೂ ಓಡಾಡದ ಜಾಗ ನೋಡಿ. ಧರೆ ಇಲ್ಲದಿದ್ದರೆ ಅಡಿಕೆ ದಬ್ಬೆಯ ಚೌಕಟ್ಟಿಗೆ ಮರಳುಚೀಲ ಎರಡು ಸಾಲು ಒಟ್ಟಿ, ಗುರಿಗಿಂತ ಒಂದು ಮೊಳ ಎತ್ತರಕ್ಕೆ, ಎಡಬಲಕ್ಕೂ ಅಷ್ಟೇ ಅಗಲಕ್ಕೆ. ಕಣ್ಣಿಗೆ ಕನ್ನಡಕ ಹಾಕ್ಕೊಂಡೇ ಹೊಡೆಯಿರಿ.