ಬಾಯಿ ವಾಸನೆ: ಈ ಭಾನುವಾರ ಹಲ್ಲಿನ ಡಾಕ್ಟ್ರನ್ನ ಕೇಳಿ

ಅಡ್ಮಿನ್: ಮುಂಬೈಯ ಸೆಂಟ್ರಲ್ ರೈಲ್ವೆ ಲೈನಿನ ಕನ್ನಡಿಗರಿಗೆಲ್ಲ ನಮಸ್ಕಾರ. ಇವತ್ತಿನ ವಿಷ್ಯ ಬಾಯಿ ವಾಸನೆ. ಮುಲುಂಡಿನ ನಮ್ಮ ಡಾಕ್ಟ್ರು ಮಧ್ಯಾಹ್ನದ ತನಕ ಇರ್ತಾರೆ. ನಾಚ್ಕೋಬೇಡಿ, ಕೇಳಿ.

8.12 ಫಾಸ್ಟ್: ಡಾಕ್ಟ್ರೇ, ಬೆಳಿಗ್ಗೆ ಎರಡೆರಡು ಸಲ ಬ್ರಶ್ ಮಾಡಿ ಬರೀ ಚಹಾ ಕುಡ್ದು ಡೊಂಬಿವಲಿಯಲ್ಲಿ ಹತ್ತಿದ್ರೆ ಠಾಣೆ ಬರೋ ಹೊತ್ತಿಗೆ ಪಕ್ಕದವ್ನು ಮುಖ ತಿರುಗಿಸ್ತಾನೆ. ಹೊಟ್ಟೆ ಕೆಟ್ಟಿದೆ ಅಂತ ಮನೇಲಿ ಚೂರ್ಣ ಕೊಡ್ತಿದಾರೆ.

ಡಾಕ್ಟ್ರು: ಹೊಟ್ಟೇನ ಬಿಟ್ಬಿಡಿ ಪಾಪ. ಹತ್ತರಲ್ಲಿ ಎಂಟೊಂಬತ್ತು ಜನಕ್ಕೆ ವಾಸನೆ ಹುಟ್ಟೋದು ಬಾಯಲ್ಲೇ. ನಾಲಿಗೆ ಹಿಂಭಾಗದ ಬಿಳಿ ಪದರ, ಹಲ್ಲಿನ ಸಂದಿ, ವಸಡಿನ ಕೆಳಗೆ ಬ್ಯಾಕ್ಟೀರಿಯಾ ಕೂತು ಗಂಧಕದ ಗ್ಯಾಸ್ ಬಿಡ್ತವೆ, ಕೊಳೆತ ಮೊಟ್ಟೆ ನಾರತ್ತಲ್ಲ, ಅದೇ ಹೈಡ್ರೋಜನ್ ಸಲ್ಫೈಡ್. ನಿದ್ದೇಲಿ ಜೊಲ್ಲು ಕಮ್ಮಿ ಆಗೋದ್ರಿಂದ ಬೆಳಿಗ್ಗೆ ಎದ್ದಾಗ ಎಲ್ಲರಿಗೂ ವಾಸನೆ ಇರ್ತದೆ, ರೋಗ ಅಲ್ಲ. ಎರಡು ಬ್ರಶ್ಶಲ್ಲಿ ಒಂದನ್ನ ರಾತ್ರಿ ಮಲಗೋ ಮುಂಚೆಗೆ ಇಟ್ಕೊಳ್ಳಿ, ನಾಲಿಗೆ ಹಿಂದಿನಿಂದ ಮೆತ್ತಗೆ ಕೆರೀರಿ, ಸಂದಿಗೆ ಫ್ಲಾಸ್ ದಾರ ಹಾಕಿ, ಏನಾದ್ರೂ ತಿಂದು ನೀರು ಕುಡ್ದು ಹೊರಡಿ. ವಸಡಲ್ಲಿ ರಕ್ತ ಬರ್ತದಾ?

8.12 ಫಾಸ್ಟ್: ಬರ್ತದೆ. ಅದಕ್ಕೇ ಆ ಜಾಗ ಬಿಟ್ಟು ಉಜ್ತೀನಿ.

ಡಾಕ್ಟ್ರು: ವಾಸನೆ ಅಲ್ಲೇ ಇದೆ. ಬಿಟ್ಟ ಜಾಗದಲ್ಲೇ ಪಾಚಿ ಗಟ್ಟಿಯಾಗಿ ಕಲ್ಲು ಕಟ್ಟೋದು. ನೋವಿಲ್ದೆ ಹಲ್ಲಿನ ಬುಡದ ಮೂಳೆ ಕರಗ್ತಾ ಹೋಗ್ತದೆ. ಕ್ಲೀನಿಂಗ್ ಮಾಡಿಸಿ.

ಠಾಕುರ್ಲಿ ಆಂಟಿ: ಕ್ಲೀನಿಂಗ್ ಮಾಡ್ಸಿದ್ರೆ ಹಲ್ಲು ಅಲ್ಲಾಡ್ತವಂತಲ್ಲ?

ಡಾಕ್ಟ್ರು: ಮೊದ್ಲೇ ಸಡಿಲಾಗಿದ್ದ ಹಲ್ಲನ್ನ ಕಲ್ಲು ಹಿಡ್ಕೊಂಡಿರ್ತದೆ. ಕಲ್ಲು ತೆಗೆದಾಗ ನಿಮಗೆ ಗೊತ್ತಾಗ್ತದೆ, ಅಷ್ಟೇ.

ನಿವೃತ್ತ ಬ್ಯಾಂಕ್: ಫಾರ್ವರ್ಡ್: ಒಂದೇ ದಿನದಲ್ಲಿ ಬಾಯಿ ವಾಸನೆ ಮಾಯ!! ನಿಂಬೆರಸ, ಕಲ್ಲುಪ್ಪು, ಇದ್ದಿಲಪುಡಿ ಸೇರಿಸಿ ಉಜ್ಜಿ. ಡಾಕ್ಟರುಗಳು ಇದನ್ನ ಹೇಳಲ್ಲ. ಹತ್ತು ಜನಕ್ಕೆ ಕಳಿಸಿ.

ಡಾಕ್ಟ್ರು: ಹೌದು, ಹೇಳಲ್ಲ. ಹುಳಿ ಹಲ್ಲಿನ ಮೇಲ್ಪದರ ಮೆತ್ತಗೆ ಮಾಡ್ತದೆ, ಅದರ ಮೇಲೆ ಇದ್ದಿಲು ತಿಕ್ಕಿದ್ರೆ ಸವೆದು ಹೋಗ್ತದೆ, ಸವೆದದ್ದು ಮತ್ತೆ ಬೆಳೆಯಲ್ಲ. ಹತ್ತು ಜನಕ್ಕೆ ಕಳಿಸಬೇಡಿ.

ವಾಶಿಯವ: ಬೆಳಿಗ್ಗೆ ಎದ್ದ ಕೂಡ್ಲೇ ವಾಸನೆ ಬರತ್ತೆ ಡಾಕ್ಟ್ರೇ, ಯಾಕೆ?

ಡಾಕ್ಟ್ರು: ಮೇಲೆ ಬರ್ದಿದೀನಿ.

ಧಾರವಾಡದಾಕಿ ಕಲ್ಯಾಣ: ನಮ್ಮತ್ತಿ ಎರಡೂ ಹೊತ್ತು ಮಿಶ್ರಿ ತಿಕ್ಕತಾರ್ರಿ, ಇಲ್ಲಿ ಬಾಜೂ ಮನಿ ಆಜಿ ಕಲಿಸಿದ್ದು. ಹಲ್ಲು ಗಟ್ಟಿ ಆಗ್ತಾವ ಅಂತಾರ.

ಡಾಕ್ಟ್ರು: ಮಿಶ್ರಿ ಅಂದ್ರೆ ಹುರಿದ ತಂಬಾಕು. ಹಲ್ಲುಪುಡಿ ಅಲ್ಲ, ಚಟ. ಕೆನ್ನೆ ಒಳಗೆ ಬಿಳಿ ಅಥವಾ ಕೆಂಪು ಕಲೆ, ಎರಡು ವಾರವಾದ್ರೂ ಮಾಯದ ಹುಣ್ಣು ಇದ್ಯಾ ನೋಡಿ. ಇದ್ರೆ ಈ ವಾರವೇ ತೋರಿಸಿ. ಕ್ಯಾನ್ಸರ್ ಹಂಗೇ ಶುರುವಾಗೋದು.

ನಿವೃತ್ತ ಬ್ಯಾಂಕ್: ಮೂಲ ಕಾರಣ ಯಾರೂ ಹೇಳ್ತಿಲ್ಲ. ಒಣ ಬೊಂಬಿಲ್ ಮೀನು ತಿನ್ನೋರಿಗೇ ಈ ಸಮಸ್ಯೆ ಜಾಸ್ತಿ. ಸಾತ್ವಿಕ ಊಟ ಮಾಡಿ.

ಕಾಪುನವ: ಓಹೋ ಮಾರಾಯ್ರೆ, ನಿಮ್ಮ ಬೆಳ್ಳುಳ್ಳಿ ಚಟ್ನಿಪುಡಿಗೆ ಮಲ್ಲಿಗೆ ಪರಿಮಳ ಉಂಟಾ? ಗಣಪತಿ ಪೂಜೆಯಲ್ಲಿ ನೀವು ಮಾತಾಡಿಸಿದಾಗ ನಾನು ಉಸಿರು ಹಿಡ್ಕೊಂಡು ನಿಂತದ್ದು.

ನಿವೃತ್ತ ಬ್ಯಾಂಕ್: ನಮ್ಮನೇಲಿ ಬೆಳ್ಳುಳ್ಳಿ ಒಳಗೇ ತರಲ್ಲ.

ಕಾಪುನವ: ತಿನ್ನದೇ ಅಷ್ಟು ವಾಸನೆಯಾ?

ಅಡ್ಮಿನ್: ದಯವಿಟ್ಟು.

ಡಾಕ್ಟ್ರು: ಬೆಳ್ಳುಳ್ಳಿ ಅಂಶ ರಕ್ತಕ್ಕೆ ಸೇರಿ ಶ್ವಾಸಕೋಶದಿಂದ ಬರ್ತದೆ, ಬ್ರಶ್ ಮಾಡಿದ್ರೂ ಗಂಟೆಗಟ್ಟಲೆ ಇರ್ತದೆ. ವಸಡಿನ ರೋಗ ಮೀನು ತಿನ್ನೋರಿಗೂ ಬರ್ತದೆ, ತಿನ್ನದವ್ರಿಗೂ ಬರ್ತದೆ. ಮುಗೀತು.

ಅಂಬರನಾಥದ ಅಮ್ಮ: ಮಗಳಿಗೆ ಮೂರೂವರೆ ವರ್ಷ. ಹದಿನೈದು ದಿನದಿಂದ ಹತ್ತಿರ ಬಂದ್ರೆ ಸಹಿಸಕ್ಕಾಗದ ವಾಸನೆ. ಬ್ರಶ್ ನಾನೇ ಮಾಡಿಸ್ತೀನಿ, ಹುಳುಕಿಲ್ಲ, ಜ್ವರ ಇಲ್ಲ. ನೆಗಡಿ ಅಂತ ಸಿರಪ್ ಕೊಟ್ರು, ಆದ್ರೆ ಬಲಗಡೆ ಮೂಗಲ್ಲಿ ಮಾತ್ರ ಹಳದಿ ಸಿಂಬಳ.

ಡಾಕ್ಟ್ರು: ಒಂದೇ ಕಡೆನಾ? ರಕ್ತ?

ಅಂಬರನಾಥದ ಅಮ್ಮ: ಒಂದೇ ಕಡೆ. ನಿನ್ನೆ ಸ್ವಲ್ಪ ಕೆಂಪಗಿತ್ತು.

ಡಾಕ್ಟ್ರು: ಉಳಿದವ್ರು ಸ್ವಲ್ಪ ಸುಮ್ನಿರಿ. ನೋಡಮ್ಮ, ಇದು ಬಾಯಿ ಅಲ್ಲ, ಮೂಗು. ನೆಗಡಿ ಆದ್ರೆ ಸಾಮಾನ್ಯ ಎರಡೂ ಹೊಳ್ಳೆ ಸುರೀತವೆ. ಈ ವಯಸ್ಸಿನ ಮಗುಗೆ ಒಂದೇ ಹೊಳ್ಳೆಯಲ್ಲಿ ಗಬ್ಬು ನಾರೋ ಸಿಂಬಳ ಅಂದ್ರೆ ಒಳಗೆ ಏನೋ ತುರುಕ್ಕೊಂಡಿದೆ ಅಂತಲೇ ಮೊದಲ ಅನುಮಾನ, ಮಣಿ, ಕಾಳು, ಕಾಗದ, ಸ್ಪಂಜು ಏನೂ ಇರಬಹುದು, ಮಕ್ಕಳು ಮರೆತುಬಿಡ್ತಾರೆ ಇಲ್ಲಾ ಬೈತಾರೆ ಅಂತ ಬಾಯಿ ಬಿಡಲ್ಲ. ಹೇರ್‌ಪಿನ್ ಹಾಕಿ ಕೆದಕಬೇಡಿ, ಇನ್ನೂ ಒಳಗೆ ಹೋಗ್ತದೆ, ಜಾರಿ ಶ್ವಾಸನಾಳಕ್ಕಿಳಿದ್ರೆ ಕಥೆ ಬೇರೆ. ಎಣ್ಣೆ, ನೀರು, ಡ್ರಾಪ್ಸ್ ಏನೂ ಬಿಡಬೇಡಿ. ನನ್ನ ಭಯ ಆಟಿಕೆ, ರಿಮೋಟಲ್ಲಿರೋ ಚಪ್ಪಟೆ ಗುಂಡಿ ಸೆಲ್ಲಿಂದು, ಅದು ಮೂಗಲ್ಲಿ ಕೂತ್ರೆ ಕೆಲವೇ ಗಂಟೇಲಿ ಸುಡೋಕೆ ಶುರು ಮಾಡ್ತದೆ, ನಡುಗೋಡೆ ತೂತಾಗಬಹುದು, ಒದ್ದೆ ಆದಷ್ಟೂ ಜಾಸ್ತಿ. ಹದಿನೈದು ದಿನ ಅಂದ್ರೆ ಬಹುಶಃ ಸೆಲ್ ಅಲ್ಲ, ಆದ್ರೆ ಬಹುಶಃ ಅನ್ಕೊಂಡು ಕೂರೋ ವಿಷಯ ಇದಲ್ಲ. ಇವತ್ತೇ ಕಿವಿ ಮೂಗು ಡಾಕ್ಟ್ರ ಹತ್ರ ಹೋಗಿ. ಭಾನುವಾರ ಯಾರೂ ಸಿಗದಿದ್ರೆ ಸಾಯನ್ ಆಸ್ಪತ್ರೆ ಎಮರ್ಜೆನ್ಸಿ. ಹಳಿ ರಿಪೇರಿಗೆ ಅಂತ ಮೆಗಾ ಬ್ಲಾಕ್ ಮಾಡಿ ಟ್ರೈನ್ ನಿಲ್ಸಿದ್ರೆ ಗಾಡಿ ಮಾಡ್ಕೊಳ್ಳಿ. ಮಗೂನ ಬೈಬೇಡಿ.

ನಿವೃತ್ತ ಬ್ಯಾಂಕ್: ಅಷ್ಟು ದೂರ ಯಾಕೆ, ಕೊಬ್ಬರಿ ಎಣ್ಣೆ ಎರಡು ಹನಿ ಬಿಡಿ, ತಾನೇ ಜಾರಿ ಬರತ್ತೆ.

ಡಾಕ್ಟ್ರು: ರೀ, ಏನೂ ಬಿಡಬೇಡಿ ಅಂತ ಈಗಷ್ಟೇ ಬರೆದೆ. ಓದಿ ಆಮೇಲೆ ಟೈಪ್ ಮಾಡಿ.

ನಿವೃತ್ತ ಬ್ಯಾಂಕ್: ಹಿರಿಯರ ಅನುಭವಕ್ಕೆ ಇಲ್ಲಿ ಬೆಲೆ ಇಲ್ಲ.

ಕಾಪುನವ: ಅನುಭವವನ್ನು ನಿಮ್ಮ ಮೂಗಿಗೇ ಬಿಟ್ಕೊಳ್ಳಿ.

ಚೆಂಬೂರು ಹುಡ್ಗ: ಟಾನ್ಸಿಲಿಂದ ಬಿಳಿ ಕಾಳು ಥರ ಬರತ್ತೆ, ತುಂಬಾ ನಾರತ್ತೆ. ಯಾರಿಗೆ ತೋರಿಸ್ಲಿ?

ಘಾಟ್‌ಕೋಪರ್ ಅಕ್ಕ: ಯಾವ ಮೌತ್‌ವಾಶ್ ಒಳ್ಳೇದು?

ಡಾಕ್ಟ್ರು: ಬ್ರಶ್, ಫ್ಲಾಸ್ ಸರಿ ಇದ್ರೆ ಬೇಕಾಗಲ್ಲ. ಕ್ಲೋರ್‌ಹೆಕ್ಸಿಡಿನ್ ಇರೋದನ್ನ ನೀವೇ ತಿಂಗಳುಗಟ್ಟಲೆ ಹಾಕ್ಕೋಬೇಡಿ, ಹಲ್ಲು ಕಂದು ಆಗ್ತದೆ.

ಮಾಟುಂಗಾ ಮಾಮಿ: ನಮ್ಮನೆಯವರಿಗೆ ಬೆಳಿಗ್ಗೆ ಎದ್ದಾಗ ವಾಸನೆ...

ಡಾಕ್ಟ್ರು: ಮೇಲೆ.

ಚೆಂಬೂರು ಹುಡ್ಗ: ನನ್ನ ಪ್ರಶ್ನೆ?

ಅಂಬರನಾಥದ ಅಮ್ಮ: ಈಗ ಮನೆಗೆ ಬಂದ್ವಿ. ಸೋಫಾದ ಫೋಮ್ ತುಂಡು, ಹೆಬ್ಬೆರಳಿನ ಉಗುರಷ್ಟಿತ್ತು. ತೆಗೆದಾಗ ರೂಮೆಲ್ಲಾ ನಾತ. ಸೆಲ್ ಅಲ್ಲ ಅಂದಾಗ ಕಾಲು ನಡುಗೋದು ನಿಲ್ತು.

ಡಾಕ್ಟ್ರು: ಇನ್ನೊಂದು ಹೊಳ್ಳೆ, ಎರಡೂ ಕಿವಿ ನೋಡಿದ್ರಾ ಅವ್ರು?

ಅಂಬರನಾಥದ ಅಮ್ಮ: ನೋಡಿದ್ರು. ಎಡಗಿವೀಲಿ ಒಂದು ಹೆಸರುಕಾಳು ಇತ್ತು, ಅದನ್ನೂ ತೆಗೆದ್ರು.

ಕಾಪುನವ: ಬ್ಯಾಂಕಿನವ್ರೇ, ಹೆಸರುಕಾಳು ಸಾತ್ವಿಕವೇ ಅಲ್ವಾ?