ಹೆಂಗಿದ್ರೂ ಬೀಳೋ ಹಲ್ಲಿಗೆ ರೂಟ್ ಕೆನಾಲ್ ಯಾಕೆ? ಮಕ್ಕಳ ಹಲ್ಲಿನ ಡಾಕ್ಟರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಒಬ್ಬ ತಾಯಿ, ಹಳೇ ಹುಬ್ಬಳ್ಳಿ): ನಮಸ್ಕಾರ ಮೇಡಂ. ಮಗಳಿಗೆ ನಾಲ್ಕೂವರೆ ವರ್ಷ. ಕೆಳಗಿನ ದವಡೆಯ ಕೊನೆಯ ಹಲ್ಲು ಹುಳುಕಾಗಿದೆ. ಅದರ ಪಕ್ಕ ಒಸಡಿನ ಮೇಲೆ ಸಣ್ಣ ಗುಳ್ಳೆ ಎದ್ದಿದೆ. ಮೊದಲು ರಾತ್ರಿಯೆಲ್ಲ ಅಳುತ್ತಿದ್ದಳು, ಈಗ ನೋವಿಲ್ಲ ಅಂತಾಳೆ. ಮನೆ ಹತ್ತಿರದ ಡೆಂಟಿಸ್ಟ್ ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಬೇಕು, ಮಕ್ಕಳ ಸ್ಪೆಷಲಿಸ್ಟ್‌ಗೆ ತೋರಿಸಿ ಅಂದರು. ನಮ್ಮ ಅತ್ತೆ ಮಾತ್ರ "ಹಾಲುಹಲ್ಲು, ಹೆಂಗಿದ್ರೂ ಬೀಳತೈತಿ, ಲವಂಗ ಇಡು ಸಾಕು" ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಅತ್ತೆಯವರು ಹೇಳಿದ್ದು ಸುಳ್ಳಲ್ಲ, ಆ ಹಲ್ಲು ಬೀಳುತ್ತದೆ. ಯಾವಾಗ ಅನ್ನೋದು ಪ್ರಶ್ನೆ. ಮುಂದಿನ ಹಲ್ಲುಗಳು ಆರೇಳು ವರ್ಷಕ್ಕೆ ಬೀಳುತ್ತವೆ. ಕೊನೆಯ ದವಡೆ ಹಲ್ಲು ಬೀಳೋದು 10ರಿಂದ 12ನೇ ವರ್ಷದಲ್ಲಿ. ಅಲ್ಲಿಯವರೆಗೆ ನಿಮ್ಮ ಮಗಳು ಆ ಹಲ್ಲಿನಲ್ಲೇ ರೊಟ್ಟಿ ಅಗಿಯಬೇಕಲ್ವಾ?

ನೋವು ನಿಂತಿತು ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಒಳಗಿನ ನರ ಸತ್ತಿರುತ್ತದೆ. ಕೀವು ಆ ಗುಳ್ಳೆಯ ಮೂಲಕ ದಾರಿ ಮಾಡಿಕೊಂಡು ಹೊರಗೆ ಬರುತ್ತಿದೆ, ಒತ್ತಡ ಇಳಿದಿದೆ, ಅದಕ್ಕೇ ನೋವಿಲ್ಲ. ಗುಳ್ಳೆ ಒಡೆದು ಹೋಗುತ್ತದೆ, ಮತ್ತೆ ಏಳುತ್ತದೆ. ಲವಂಗ ಸ್ವಲ್ಪ ಹೊತ್ತು ನೋವು ತಡೆಯಬಹುದು, ಕೀವಿಗೆ ಏನೂ ಮಾಡಲ್ಲ. ಬರೀ ಆ್ಯಂಟಿಬಯೋಟಿಕ್ ಕುಡಿಸಿದರೂ ಅಷ್ಟೇ, ಹಲ್ಲಿನ ಒಳಗೆ ಕೊಳೆತದ್ದು ಅಲ್ಲೇ ಇರುತ್ತದೆ. ಬೇರುಗಳ ನಡುವೆ ಮುಂದೆ ಬರುವ ಹಲ್ಲು ಬೆಳೆಯುತ್ತಿದೆ, ಕೀವು ಬಹಳ ದಿನ ನಿಂತರೆ ಅದಕ್ಕೂ ಪೆಟ್ಟು ಬೀಳಬಹುದು.

ರೂಟ್ ಕೆನಾಲ್ ಅಂದರೆ ಹಲ್ಲಿನ ಒಳಗೆ ಕೊಳೆತ ನರ ತೆಗೆದು, ಸ್ವಚ್ಛ ಮಾಡಿ, ತುಂಬೋದು. ಹಾಲುಹಲ್ಲಿನದ್ದು ದೊಡ್ಡವರದ್ದರ ಹಾಗಲ್ಲ. ಬೇರಿನಲ್ಲಿ ತುಂಬೋದು ಕರಗುವ ಪೇಸ್ಟ್. ಕೆಳಗಿನ ಹಲ್ಲು ಮೇಲೆ ಬರುವಾಗ ಹಾಲುಹಲ್ಲಿನ ಬೇರು ಕರಗುತ್ತದೆ, ಜೊತೆಗೆ ಪೇಸ್ಟೂ ಕರಗಬೇಕು. ಮೇಲೆ ಹಾಕುವ ಸ್ಟೀಲ್ ಕ್ಯಾಪ್ ಹಲ್ಲಿನ ಜೊತೆಗೇ ಬೀಳುತ್ತದೆ.

ಎಕ್ಸ್‌ರೇಯಲ್ಲಿ ಬೇರು ತುಂಬ ಹಾಳಾಗಿದ್ದರೆ ಕೀಳಬೇಕಾಗಬಹುದು. ಆಗ "ಕಿತ್ತಾಯ್ತು, ಮುಗೀತು" ಅಂತ ಬಂದುಬಿಡಬೇಡಿ. ಆರನೇ ವರ್ಷಕ್ಕೆ ಅದರ ಹಿಂದೆ ಒಂದು ಶಾಶ್ವತ ದವಡೆ ಹಲ್ಲು ಬರುತ್ತದೆ. ಅದು ಮುಂದಿನ ಖಾಲಿ ಜಾಗಕ್ಕೆ ವಾಲಿಬಿಟ್ಟರೆ, ಕೆಳಗಿನಿಂದ ಬರಬೇಕಾದ ಹಲ್ಲಿಗೆ ಜಾಗವೇ ಇರಲ್ಲ. ಜಾಗ ಕಾಯೋಕೆ ಸ್ಪೇಸ್ ಮೇಂಟೇನರ್ ಅನ್ನೋ ಸಣ್ಣ ಸಾಧನ ಬೇಕಾ ಅಂತ ಕೇಳಿ. (ಈ ಆರು ವರ್ಷದ ಹಲ್ಲು ಯಾವ ಹಲ್ಲೂ ಬೀಳದೆ ಸುಮ್ನೆ ಹಿಂದೆ ಹುಟ್ಟುತ್ತದೆ. ಅದಕ್ಕೇ ಎಷ್ಟೋ ಮನೆಯಲ್ಲಿ ಇದನ್ನೂ ಹಾಲುಹಲ್ಲು ಅಂದುಕೊಂಡು ಹುಳುಕಾಗಲು ಬಿಡುತ್ತಾರೆ. ಅದು ಹೋದರೆ ಮತ್ತೆ ಬರಲ್ಲ.)

ಕೆನ್ನೆ ಊದಿದರೆ, ಜ್ವರ ಬಂದರೆ, ಬಾಯಿ ತೆಗೆಯೋಕೆ ಆಗದಿದ್ದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ.

ಅದೇ ತಾಯಿ: ಥ್ಯಾಂಕ್ಸ್ ಮೇಡಂ. ಆದರೆ ಇವಳು ಬಾಯಿಯೇ ತೆಗೆಯಲ್ಲ. ಹೋದ ಸಲ ಡಾಕ್ಟರ್ ಬೆರಳು ಕಚ್ಚಿದಳು! ಸ್ಪೆಷಲಿಸ್ಟ್ ಅಂದರೆ ಏನು ಬೇರೆ ಓದಿರ್ತಾರೆ? ಫೀಸು ಜಾಸ್ತಿ ಅಷ್ಟೇನಾ?

ಉತ್ತರ: ಬೆರಳು ಕಚ್ಚಿಸಿಕೊಳ್ಳದೆ ಈ ಕೆಲಸ ಕಲಿತವರು ಯಾರೂ ಇಲ್ಲ ಬಿಡಿ.

ಬಿಡಿಎಸ್ ಅಂದರೆ ಹಲ್ಲಿನ ಡಾಕ್ಟರ್ ಆಗೋ ಮೊದಲ ಡಿಗ್ರಿ, ಇಂಟರ್ನ್‌ಷಿಪ್ ಸೇರಿ ಐದು ವರ್ಷ. ಅದರಲ್ಲಿ ಮಕ್ಕಳ ಹಲ್ಲು ಒಂದು ವಿಷಯ ಮಾತ್ರ. ಆಮೇಲೆ ನೀಟ್ ಎಂಡಿಎಸ್ ಅನ್ನೋ ಪ್ರವೇಶ ಪರೀಕ್ಷೆ ಬರೆದು ಪೀಡೋಡಾಂಟಿಕ್ಸ್ (ಮಕ್ಕಳ ಹಲ್ಲಿನ ವಿಭಾಗ, ಚಿಕ್ಕದಾಗಿ ಪೀಡೋ) ತಗೊಂಡರೆ ಇನ್ನೂ ಮೂರು ವರ್ಷ. ಇಲ್ಲೇ ಸತ್ತೂರಿನ ಎಸ್‌ಡಿಎಂ ದಂತ ಕಾಲೇಜಿನಲ್ಲಿ ಈ ವಿಭಾಗ ಇದೆ, ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನ ದಾರಿಯಲ್ಲೇ. ಆ ಮೂರು ವರ್ಷದಲ್ಲಿ ನರದ ಚಿಕಿತ್ಸೆ, ಕ್ಯಾಪು ಎಲ್ಲ ಕಲಿಸುತ್ತಾರೆ. ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳೋದು, ಪೂರ್ತಿ ಅರಿವಳಿಕೆಯಲ್ಲಿ ಚಿಕಿತ್ಸೆ ಮಾಡೋದೂ ಅದರಲ್ಲಿ ಬರುತ್ತದೆ. ಆದರೆ ನನ್ನ ಲೆಕ್ಕದಲ್ಲಿ ದೊಡ್ಡ ಪಾಠ ಮಗುವಿನ ಮನಸ್ಸು. ಮೊದಲು ಹೇಳು, ಆಮೇಲೆ ತೋರಿಸು, ಆಮೇಲೆ ಮಾಡು. ತಿರುಗುವ ಬ್ರಷ್ಷನ್ನು ಮೊದಲು ಮಗುವಿನ ಉಗುರಿನ ಮೇಲೆ ಆಡಿಸುತ್ತೇವೆ. ಕಚಗುಳಿ ಆಯ್ತಾ ಅಂತ ಕೇಳುತ್ತೇವೆ. ನಕ್ಕರೆ ಒಂದು ಹಲ್ಲಿಗೆ ಮಾತ್ರ. ಕೆಲವೊಮ್ಮೆ ಮೊದಲ ಭೇಟಿಯಲ್ಲಿ ಕುರ್ಚಿ ಮೇಲೆ ಕೆಳಗೆ ಮಾಡಿಸಿ ಕಳಿಸಿಬಿಡುತ್ತೇವೆ. ಅಪ್ಪಂದಿರಿಗೆ ಸಿಟ್ಟು ಬರುತ್ತದೆ, ಬರಲಿ.

ಎಲ್ಲದಕ್ಕೂ ಸ್ಪೆಷಲಿಸ್ಟ್ ಬೇಕಿಲ್ಲ. ಸಣ್ಣ ಹುಳುಕು ತುಂಬಿಸೋಕೆ, ತಾಳ್ಮೆ ಇರುವ ಬಿಡಿಎಸ್ ಡಾಕ್ಟರ್ ಧಾರಾಳ ಸಾಕು. ನಿಮ್ಮ ಡಾಕ್ಟರ್ ತಾವೇ ಕಳಿಸಿದ್ದು ಒಳ್ಳೆಯ ಲಕ್ಷಣ.

ನೀವು ಮಾಡಬೇಕಾದ್ದೂ ಇದೆ. "ಹಟ ಮಾಡಿದ್ರೆ ಡಾಕ್ಟರ್ ಸೂಜಿ ಚುಚ್ಚತಾರ ನೋಡು" ಅಂತ ಮನೆಯಲ್ಲಿ ಯಾರೂ ಹೆದರಿಸಬಾರದು. "ಸೂಜಿ ಇಲ್ಲವೇ ಇಲ್ಲ" ಅಂತ ಮಾತೂ ಕೊಡಬೇಡಿ. ಆ ವಿಷಯ ನಮಗೆ ಬಿಡಿ.

ಪ್ರಶ್ನೆ (ಒಬ್ಬ ತಂದೆ, ಮುಂಡರಗಿ): ಮೇಡಂ, ನಮ್ಮದು ಬೋರ್‌ವೆಲ್ ನೀರು. ಮಗನಿಗೆ ಒಂಬತ್ತು ವರ್ಷ. ಹೊಸ ಹಲ್ಲೆಲ್ಲ ಕಂದು ಕಲೆ. ಎಷ್ಟು ಉಜ್ಜಿದರೂ ಹೋಗಲ್ಲ. ಫ್ಲೋರೈಡ್ ಅಂತಾರೆ. ನೀರು ಕುದಿಸಿ ಕೊಡಬೇಕಾ? ಪೇಸ್ಟ್ ಬಿಡಿಸಬೇಕಾ?

ಉತ್ತರ: ಸರ್, ಗದಗ ಜಿಲ್ಲೆಯ ಬೋರ್ ನೀರಿನಲ್ಲಿ ಫ್ಲೋರೈಡ್ ಹಳೆಯ ಸಮಸ್ಯೆ, ಹಾಗಾಗಿ ಅನುಮಾನ ಸರಿಯಾಗಿಯೇ ಇದೆ. ಈ ಕಲೆ ಹಲ್ಲು ಒಸಡಿನ ಒಳಗೆ ತಯಾರಾಗುವಾಗಲೇ ಆಗಿದ್ದು. ಹುಡುಗ ಸರಿಯಾಗಿ ಉಜ್ಜಲ್ಲ ಅಂತ ಬೈಯಬೇಡಿ. ಬೂದಿ, ಇದ್ದಿಲು ಹಾಕಿ ತಿಕ್ಕಿಸಲೂ ಬೇಡಿ, ಹಲ್ಲಿನ ಹೊರಪದರ ಎನಾಮಲ್ ಸವೆಯುತ್ತದೆ.

ಕುದಿಸಿದರೆ ಫ್ಲೋರೈಡ್ ಹೋಗಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಜಾಸ್ತಿಯಾಗುತ್ತದೆ. ನೀರು ಪರೀಕ್ಷೆ ಮಾಡಿಸಿ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದ ಕಡೆ 1.5 ಕೊನೆಯ ಮಿತಿ. ಮೀರಿದ್ದರೆ ಕುಡಿಯೋಕೆ, ಅಡುಗೆಗೆ ಆರ್‌ಒ ನೀರು ಅಥವಾ ನದಿ ನೀರು ಬಳಸಿ. ಮನೆಯಲ್ಲಿ ಇನ್ನೂ ಚಿಕ್ಕ ಮಕ್ಕಳಿದ್ದರೆ ಇದು ತುಂಬ ಮುಖ್ಯ. ಎಂಟು ವರ್ಷದೊಳಗೆ ಕುಡಿದ ನೀರೇ ಮುಂದಿನ ಹಲ್ಲುಗಳಲ್ಲಿ ಕಾಣೋದು.

ಪೇಸ್ಟಿನಲ್ಲೂ ಫ್ಲೋರೈಡ್ ಇರುತ್ತದೆ, ಆದರೂ ಬಿಡಿಸಬೇಡಿ, ನುಂಗದಂತೆ ನೋಡಿಕೊಳ್ಳಿ. ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು. ಜಾಹೀರಾತಿನಲ್ಲಿ ಬ್ರಷ್ ತುಂಬ ಹಾಕ್ತಾರಲ್ಲ, ಅದು ಪೇಸ್ಟ್ ಖರ್ಚಾಗಲಿ ಅಂತ! ಮಗನ ಕಲೆಗಳನ್ನು ತಿಳಿ ಮಾಡುವ ಚಿಕಿತ್ಸೆ ಇದೆ, ಒಮ್ಮೆ ತೋರಿಸಿ.

ಪ್ರಶ್ನೆ (ಇಂಟರ್ನ್, ಧಾರವಾಡ): ಮೇಡಂ, ನನಗೆ ಪೀಡೋ ಇಷ್ಟ. ಎಲ್ಲರೂ ಆರ್ಥೋ (ಹಲ್ಲಿನ ಸಾಲು ಸರಿ ಮಾಡೋದು) ಇಲ್ಲ ಎಂಡೋ (ರೂಟ್ ಕೆನಾಲ್ ಕೆಲಸ) ತಗೋ ಅಂತಾರೆ.

ಉತ್ತರ: ಅಳುವ ಮಗುವಿನ ಜೊತೆ ಅರ್ಧ ಗಂಟೆ ಇದ್ದೂ ದನಿ ಏರದಿದ್ದರೆ ತಗೊಳ್ಳಿ. ದುಡ್ಡಿನ ಮಾತು ಸೀನಿಯರ್‌ಗಳ ಹತ್ತಿರ ಕೇಳಿ, ನನ್ನ ಹತ್ತಿರ ಬೇಡ.

ಮೊದಲ ತಾಯಿ: ಮೇಡಂ, ಮನೆಯಲ್ಲಿ ಒಪ್ಪಿದರು. ಕರೆದುಕೊಂಡು ಹೋಗುವಾಗ ಏನು ನೋಡಿಕೊಳ್ಳಬೇಕು?

ಉತ್ತರ: ಬೆಳಗಿನ ಹೊತ್ತು ಹೋಗಿ, ನಿದ್ದೆಗಣ್ಣಿನ ಮಧ್ಯಾಹ್ನ ಬೇಡ. ತಿಂಡಿ ತಿನ್ನಿಸಿ. ಹಳೆಯ ಚೀಟಿ, ಎಕ್ಸ್‌ರೇ ತಗೊಂಡು ಹೋಗಿ. ಹಲ್ಲಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟಿದ್ದರೆ ಎರಡು ಮೂರು ತಾಸು ಅವಳ ತುಟಿ ಮೇಲೆ ಕಣ್ಣಿಡಿ. ಮರಗಟ್ಟಿದ ತುಟಿಯನ್ನು ಮಕ್ಕಳು ಆಟಕ್ಕೆ ಕಚ್ಚಿ ಗಾಯ ಮಾಡಿಕೊಳ್ಳುತ್ತವೆ. ಮರುದಿನ ತುಟಿ ಊದಿದ್ದು ನೋಡಿ ಮನೆಯವರು ಗಾಬರಿಯಾಗುತ್ತಾರೆ. ಮರಗಟ್ಟಿದ್ದು ಇಳಿಯುವ ತನಕ ಅಗಿಯುವಂಥದ್ದು ಏನೂ ಕೊಡಬೇಡಿ.