ಒಂದೇ ಬಾಟಲಿ, ಮೂರು ರೋಗ: ಕೋಳಿ ಕಿಲ್ಡ್ ಲಸಿಕೆ ಬಗ್ಗೆ ಕೇಳಿ

ಎಲ್ಲರಿಗೂ ನಮಸ್ಕಾರ. ನಮ್ಮ ಕೋಳಿ ಸಾಕಣೆ ಗುಂಪಿನ ಅಡ್ಮಿನ್ ಸಾರ್ ನಿಮ್ಮ ಪ್ರಶ್ನೆಗಳಿಗೆ ಉತ್ತರ ಕೊಡಿ ಅಂತ ಒಂದು ವಾರದಿಂದ ಬೆನ್ನು ಹತ್ತಿದ್ದರು, ಇವತ್ತು ಭಾನುವಾರ ಬಿಡುವು ಮಾಡಿಕೊಂಡು ಕೂತಿದ್ದೇನೆ. ನಾನು ಪಶುವೈದ್ಯೆ. ಹದಿನಾಲ್ಕು ವರ್ಷದಿಂದ ಕೋಳಿ ಲಸಿಕೆ ತಯಾರಿಸುವ ಕಡೆ ಕೆಲಸ. ಜಾಸ್ತಿ ಕಾಲ ಕಳೆದದ್ದು ಎಣ್ಣೆ ಲಸಿಕೆಯಲ್ಲಿ, ಅಂದರೆ ನೀವು 'ಕಿಲ್ಡ್' (ಸತ್ತ ವೈರಸ್ಸಿನ ಲಸಿಕೆ) ಅನ್ನುವ ಹಾಲಿನಂಥ ಬಿಳಿ ಬಾಟಲಿಯಲ್ಲಿ. ಯಾವ ಬ್ರ್ಯಾಂಡ್ ತಗೋಬೇಕು ಅಂತ ಮಾತ್ರ ಕೇಳಬೇಡಿ. ಉಳಿದದ್ದು ಏನು ಬೇಕಾದರೂ ಕೇಳಿ.

ಪ್ರಶ್ನೆ (ಹೊಸಪೇಟೆ, ಲೇಯರ್ ಅಂದರೆ ಮೊಟ್ಟೆ ಕೋಳಿ): ಮೇಡಂ, ನಮ್ಮದು 12 ಸಾವಿರ ಕೋಳಿ. 16ನೇ ವಾರ ನಡೀತಿದೆ. ರಾಣಿಖೇತ್, ಐಬಿ (ಇನ್ಫೆಕ್ಷಿಯಸ್ ಬ್ರಾಂಕೈಟಿಸ್), ಇಡಿಎಸ್ (ಎಗ್ ಡ್ರಾಪ್ ಸಿಂಡ್ರೋಮ್, ಮೊಟ್ಟೆ ಕುಸಿಯುವ ರೋಗ) ಮೂರೂ ಸೇರಿರುವ ಕಿಲ್ಡ್ ಹಾಕಿಸಬೇಕಿತ್ತು. ಡೀಲರ್ ಹತ್ತಿರ ಅದು ಖಾಲಿ. ರಾಣಿಖೇತ್ ಬೇರೆ ಬಾಟಲಿ, ಇಡಿಎಸ್ ಬೇರೆ ಬಾಟಲಿ ಇದೆಯಂತೆ. ಎರಡನ್ನೂ ಕಲಸಿ ಒಂದೇ ಸಲ ಚುಚ್ಚಿದರೆ ಆಗಲ್ವಾ? ಲಸಿಕೆ ಹುಡುಗರು ಕೋಳಿಗೆ ಇಷ್ಟು ಅಂತ ತಗೋತಾರೆ, ಎರಡು ಸಲ ಹಿಡಿದರೆ ಡಬಲ್ ಖರ್ಚು.

ಉತ್ತರ: ಕಲಸಬೇಡಿ. ಕಲಸಿ 0.5 ಮಿ.ಲೀ. ಕೊಟ್ಟರೆ ಎರಡರದ್ದೂ ಅರ್ಧ ಡೋಸ್ ಆಯ್ತು. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಈ ಲಸಿಕೆ ಬೆಣ್ಣೆಯ ಹಾಗೆ. ಬೆಣ್ಣೆ ಕಾಯಿಸುವಾಗ ಚಟಪಟ ಅನ್ನುತ್ತದಲ್ಲ, ಅದು ಕೊಬ್ಬಿನೊಳಗೆ ಕೂತಿದ್ದ ನೀರು. ಇಲ್ಲೂ ಹಾಗೇ, ಎಣ್ಣೆಯೊಳಗೆ ಸಣ್ಣ ಸಣ್ಣ ನೀರಿನ ಹನಿ, ಆ ಹನಿಯಲ್ಲಿ ಸತ್ತ ವೈರಸ್. ಎಣ್ಣೆಗೂ ನೀರಿಗೂ ಸಂಧಾನ ಮಾಡಿಸಲು ಪ್ರತಿ ತಯಾರಕರೂ ತಮ್ಮದೇ ಎಮಲ್ಸಿಫೈಯರ್ ಹಾಕಿರುತ್ತಾರೆ. ಒಬ್ಬರದ್ದು ಇನ್ನೊಬ್ಬರದ್ದನ್ನು ಒಡೆದುಬಿಡಬಹುದು. ಒಡೆದರೆ ಒಂದು ಕೋಳಿಗೆ ಬರೀ ಎಣ್ಣೆ, ಇನ್ನೊಂದಕ್ಕೆ ಬರೀ ನೀರು.

ನಿಜವಾದ ಮೂರರ ಲಸಿಕೆ ಮಾಡುವುದು ಯಾಕೆ ಕಷ್ಟ ಅಂತ ಇಲ್ಲೇ ಹೇಳಿಬಿಡುತ್ತೇನೆ. ಡೋಸ್ 0.5 ಮಿ.ಲೀ. ಅದರಲ್ಲಿ ಸುಮಾರು 70 ಭಾಗ ಎಣ್ಣೆ. ನೀರಿಗೆ ಉಳಿಯುವುದು 0.15 ಮಿ.ಲೀ. ಆಸುಪಾಸು. ರಾಣಿಖೇತ್ ಒಂದೇ ಆದರೆ ಅಷ್ಟೂ ಜಾಗ ಅದಕ್ಕೇ. ಮೂರು ಜನ ಅಂದರೆ ತಲಾ 0.05, ಒಂದು ದಪ್ಪ ಹನಿ ಅಷ್ಟೇ. ಮೂರು ಜನ ಅಣ್ಣತಮ್ಮಂದಿರಿಗೆ ಅರ್ಧ ಎಕರೆ ಹಂಚಿದ ಹಾಗೆ. ಹಾಗಾಗಿ ವೈರಸ್ ದ್ರವವನ್ನು ಸಣ್ಣ ರಂಧ್ರದ ಫಿಲ್ಟರ್‌ನಲ್ಲಿ ಹಾಯಿಸಿ ಗಟ್ಟಿ ಮಾಡಿಕೊಳ್ಳುತ್ತೇವೆ. ಪಾಲು ಸಮವಾಗಿಯೂ ಇರುವುದಿಲ್ಲ. ಇಡಿಎಸ್ ವೈರಸ್ ಬಾತುಕೋಳಿ ಮೊಟ್ಟೆಯಲ್ಲಿ ಹುಲುಸಾಗಿ ಬೆಳೆಯುತ್ತದೆ, ಅದರ ಎಚ್‌ಎ ಟೈಟರ್ (ದ್ರವದಲ್ಲಿ ವೈರಸ್ ಎಷ್ಟಿದೆ ಅನ್ನುವ ಅಳತೆ) ಹತ್ತು ಸಾವಿರ ದಾಟುತ್ತದೆ. ರಾಣಿಖೇತ್‌ನ ಲಾಸೋಟಾ (ಲಸಿಕೆಗೆ ಬಳಸುವ ವೈರಸ್ ತಳಿ) ಕೋಳಿ ಮೊಟ್ಟೆಯಲ್ಲಿ 512, 1024 ಬಂದರೆ ನಮಗೆ ಖುಷಿ. ಐಬಿ ಬಡಪಾಯಿ, ಇಳುವರಿ ಕಡಿಮೆ. ಹಾಗಾಗಿ ಇಡಿಎಸ್‌ಗೆ ಚಿಟಿಕೆ ಜಾಗ, ಐಬಿಗೆ ದೊಡ್ಡ ಪಾಲು.

ನಿಮ್ಮ ಕೆಲಸಕ್ಕೆ ಬಂದರೆ, ಕೋಳಿಯನ್ನು ಒಮ್ಮೆ ಹಿಡಿದು ಎರಡು ಸಿರಿಂಜಿನಲ್ಲಿ ಎರಡು ಬೇರೆ ಜಾಗಕ್ಕೆ ಕೊಡಲು ಬರುತ್ತದಾ ಅಂತ ಲೇಬಲ್ ನೋಡಿ, ನಿಮ್ಮ ಡಾಕ್ಟರನ್ನು ಕೇಳಿ. ನಾನಾಗಿದ್ದರೆ ನಾಲ್ಕು ದಿನ ಕಾದು ಮೂರರದ್ದೇ ತರಿಸುತ್ತಿದ್ದೆ.

ಪ್ರಶ್ನೆ (ಮೈಸೂರು ಕಡೆಯ ರೈತ): ಸತ್ತ ವೈರಸ್ ಅಂತೀರಿ. ನಿಜವಾಗಿಯೂ ಸತ್ತಿದೆ ಅಂತ ಹೇಗೆ ಗೊತ್ತಾಗುತ್ತೆ? ನಮ್ಮೂರಲ್ಲಿ ಕಿಲ್ಡ್ ಹಾಕಿಸಿದ ವಾರಕ್ಕೇ ಕೊಕ್ಕರೆ ರೋಗ (ರಾಣಿಖೇತ್) ಬಂತು ಅಂತಾರೆ.

ಉತ್ತರ: ಒಳ್ಳೆ ಅನುಮಾನ. ಇದೇ ಅನುಮಾನ ನಮ್ಮನ್ನು ರಾತ್ರಿ ಎಬ್ಬಿಸುತ್ತಿತ್ತು.

ವೈರಸ್ ಕೊಲ್ಲಲು ಫಾರ್ಮಾಲಿನ್ ಹಾಕುತ್ತೇವೆ, ಇಲ್ಲವೇ ಬಿಪಿಎಲ್ ಅನ್ನುವ ರಾಸಾಯನಿಕ. ಫಾರ್ಮಾಲಿನ್ ಅಗ್ಗ, ಆದರೆ ವೈರಸ್ಸಿನ ಮೇಲ್ಮೈಯನ್ನೂ ಒಂದಿಷ್ಟು ಬಿರುಸು ಮಾಡುತ್ತದೆ. ಬಿಪಿಎಲ್ ಕೆಲಸ ಮುಗಿಸಿ ನೀರಿನಲ್ಲಿ ತಾನೇ ಕರಗಿ ನಿರಪಾಯಕಾರಿ ಆಗುತ್ತದೆ, ಆದರೆ ದ್ರವದ ಹುಳಿ ಏರಿಸುತ್ತದೆ, ಪಿಎಚ್ ಮೇಲೆ ಕಣ್ಣಿಟ್ಟಿರಬೇಕು.

ಎಲ್ಲರೂ ಎಡವುವುದು ಮುಚ್ಚಳದಲ್ಲಿ. ಟ್ಯಾಂಕಿಗೆ ದ್ರವ ತುಂಬಿಸುವಾಗ ನಾಲ್ಕು ಹನಿ ಮುಚ್ಚಳಕ್ಕೋ ಗೋಡೆಗೋ ಸಿಡಿದಿರುತ್ತದೆ. ರಾಸಾಯನಿಕ ಅಲ್ಲಿಗೆ ಹೋಗುವುದೇ ಇಲ್ಲ. ಒಳಗಿನದ್ದೆಲ್ಲ ಸತ್ತಿದೆ, ಮುಚ್ಚಳದ ಹನಿ ಬದುಕಿದೆ. ಆಮೇಲೆ ಅದೇ ಕೆಳಗೆ ಬೀಳುತ್ತದೆ. ಅದಕ್ಕೇ ರಾಸಾಯನಿಕ ಹಾಕಿದ ಮೇಲೆ ದ್ರವವನ್ನು ಇನ್ನೊಂದು ಶುದ್ಧ ಟ್ಯಾಂಕಿಗೆ ಸಾಗಿಸಿ ಅಲ್ಲಿ ಅವಧಿ ಪೂರೈಸುವುದು. ವೈರಸ್ ಗಂಟುಗಂಟಾಗಿದ್ದರೂ ಇದೇ ಕಥೆ, ಗಂಟಿನ ನಡುವಿನದ್ದು ಉಳಿದುಕೊಳ್ಳುತ್ತದೆ. ಯೂರೋಪಿನಲ್ಲಿ 1980ರ ದಶಕದ ಕೆಲವು ಕಾಲುಬಾಯಿ ರೋಗದ ಮೂಲ ಹುಡುಕಿದಾಗ ಫಾರ್ಮಾಲಿನ್‌ನಲ್ಲಿ ಪೂರ್ತಿ ಸಾಯದ ಲಸಿಕೆಯತ್ತ ಬೆರಳು ಹೋಯಿತು.

ಪರೀಕ್ಷೆ ಹೀಗೆ. ಕೊಂದ ದ್ರವವನ್ನು ರೋಗಮುಕ್ತ ಕೋಳಿಯ 9ರಿಂದ 11 ದಿನದ ಭ್ರೂಣವಿರುವ ಮೊಟ್ಟೆಗೆ ಚುಚ್ಚುತ್ತೇವೆ. ಭ್ರೂಣ ಬದುಕಬೇಕು. ಅದರ ದ್ರವ ತೆಗೆದು ಮತ್ತೆ ಹೊಸ ಮೊಟ್ಟೆಗೆ. ಮೊದಲ ಸುತ್ತಿನಲ್ಲಿ ಒಂದೇ ಒಂದು ವೈರಸ್ ಉಳಿದಿದ್ದರೂ ಎರಡನೇ ಸುತ್ತಿನಲ್ಲಿ ಕೋಟಿ ಆಗಿ ಸಿಕ್ಕಿಬೀಳಲಿ ಅಂತ. ಇಡಿಎಸ್‌ಗೆ ಇದನ್ನೇ ಬಾತುಕೋಳಿ ಮೊಟ್ಟೆಯಲ್ಲಿ ಮಾಡಬೇಕು, ಅದು ಕೋಳಿ ಮೊಟ್ಟೆಯಲ್ಲಿ ಸರಿಯಾಗಿ ಬೆಳೆಯಲ್ಲ. ಇನ್ನೊಂದು ಮಾತು: ಎಣ್ಣೆ ಸೇರಿಸುವ ಮೊದಲೇ, ಮೂರನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಬೆರೆಸಿದ ಮೇಲೆ ಯಾರು ಬದುಕಿದ್ದಾರೆ ಅಂತ ಹುಡುಕುವುದು ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕಿದ ಹಾಗೆ.

ನಿಮ್ಮೂರಿನ ಪ್ರಕರಣಕ್ಕೆ ಬಂದರೆ, ಕಿಲ್ಡ್ ಹಾಕಿದ ಮೇಲೆ ರಕ್ಷಣೆ ಬರಲು ಎರಡು ಮೂರು ವಾರ ಬೇಕು. ವಾರಕ್ಕೇ ರೋಗ ಬಂದಿದ್ದರೆ ವೈರಸ್ ಆಗಲೇ ಶೆಡ್‌ನಲ್ಲಿತ್ತು. ಇಲ್ಲವೇ ಲಸಿಕೆ ಹಾಕುವ ತಂಡದ ಚಪ್ಪಲಿಯಲ್ಲಿ ಬಂತು. ನಾನು ಚಪ್ಪಲಿಯ ಮೇಲೆ ಪಂದ್ಯ ಕಟ್ಟುತ್ತೇನೆ.

ಪ್ರಶ್ನೆ (ಬೀದರ್, ಎಂವಿಎಸ್‌ಸಿ ವಿದ್ಯಾರ್ಥಿ): ಮೇಡಂ, ಮೂರು ಆ್ಯಂಟಿಜೆನ್ (ಕೊಂದ ವೈರಸ್) ಸೇರಿಸಿದಾಗ ಒಂದು ಇನ್ನೊಂದನ್ನು ಹತ್ತಿಕ್ಕುವುದಿಲ್ಲವೇ? ಪೊಟೆನ್ಸಿ, ಅಂದರೆ ಲಸಿಕೆಯ ಶಕ್ತಿ, ಹೇಗೆ ತೋರಿಸುತ್ತೀರಿ?

ಉತ್ತರ: ಹತ್ತಿಕ್ಕಬಹುದು, ಅದಕ್ಕೇ ಸುಮ್ನೆ ನಂಬಲ್ಲ. ಒಂದು ಗುಂಪಿಗೆ ರಾಣಿಖೇತ್ ಒಂದೇ, ಒಂದಕ್ಕೆ ಐಬಿ ಒಂದೇ, ಒಂದಕ್ಕೆ ಇಡಿಎಸ್ ಒಂದೇ, ಇನ್ನೊಂದಕ್ಕೆ ಮೂರೂ ಸೇರಿದ್ದು, ಕೊನೆಯ ಗುಂಪಿಗೆ ಏನೂ ಇಲ್ಲ. ಸೇರಿದ್ದರಲ್ಲಿ ಪ್ರತಿಯೊಂದರ ಟೈಟರ್ (ಇಲ್ಲಿ ಕೋಳಿ ರಕ್ತದ ಪ್ರತಿಕಾಯದ ಮಟ್ಟ) ಒಂಟಿ ಲಸಿಕೆಗೆ ಸಮ ಇರಬೇಕು. ಐಬಿ ಎಚ್‌ಐ (ಆ ಮಟ್ಟ ಅಳೆಯುವ ಪರೀಕ್ಷೆ) ಮಾಡುವಾಗ ವೈರಸ್ಸಿಗೆ ಮೊದಲು ನ್ಯೂರಮಿನಿಡೇಸ್ ಕಿಣ್ವ ಕೊಡಬೇಕು, ಇಲ್ಲದಿದ್ದರೆ ಕೆಂಪು ರಕ್ತಕಣ ಅಂಟಲ್ಲ. ಇದನ್ನು ಮರೆತು 'ಐಬಿ ಕೆಲಸ ಮಾಡಿಲ್ಲ' ಅಂತ ಅತ್ತವರಿದ್ದಾರೆ.

ರಾಣಿಖೇತ್‌ಗೆ ಲೆಕ್ಕ ಚೊಕ್ಕ. ಮೂರು ನಾಲ್ಕು ವಾರದ ರೋಗಮುಕ್ತ ಮರಿಗಳ ಮೂರು ಗುಂಪು, ತಲಾ 20. ಒಂದಕ್ಕೆ ಡೋಸ್‌ನ 25ನೇ ಒಂದು ಭಾಗ, ಇನ್ನೊಂದಕ್ಕೆ 50ನೇ ಒಂದು, ಮೂರನೆಯದಕ್ಕೆ 100ನೇ ಒಂದು. 17ರಿಂದ 21 ದಿನ ಬಿಟ್ಟು ಉಗ್ರ ವೈರಸ್ ಚುಚ್ಚುವುದು. ಲಸಿಕೆ ಇಲ್ಲದ 10 ಮರಿಗಳು ಆರು ದಿನದೊಳಗೆ ಎಲ್ಲವೂ ಸಾಯಬೇಕು, ಇಲ್ಲದಿದ್ದರೆ ಪರೀಕ್ಷೆಯೇ ರದ್ದು. 50ನೇ ಒಂದು ಭಾಗ ಅರ್ಧ ಮರಿಗಳನ್ನು ಉಳಿಸಿದರೆ ಒಂದು ಡೋಸ್‌ನಲ್ಲಿ 50 ಪಿಡಿ50 (ಅರ್ಧ ಮರಿಗಳನ್ನು ಉಳಿಸುವಷ್ಟು ಪ್ರಮಾಣ) ಇದೆ ಅಂತ. ಅಂತಾರಾಷ್ಟ್ರೀಯ ಮಾನದಂಡ ಕೇಳುವ ಕನಿಷ್ಠ ಅದೇ. ಬೆಳಗ್ಗೆ ಆ ಶೆಡ್‌ಗೆ ಹೋಗುವುದು ನನಗೆ ಇವತ್ತಿಗೂ ಇಷ್ಟವಿಲ್ಲದ ಕೆಲಸ.

ಐಬಿ, ಇಡಿಎಸ್ ದೊಡ್ಡ ಕೋಳಿಯನ್ನು ಹಾಗೆ ಕೊಲ್ಲುವುದಿಲ್ಲ, ಮೊಟ್ಟೆಗೆ ಹೊಡೆಯುತ್ತವೆ. ಹಾಗಾಗಿ ಕೋಳಿ ಮೊಟ್ಟೆಗೆ ಬರುವ ತನಕ ಸಾಕಿ, ಮೊಟ್ಟೆ ಅತಿ ಹೆಚ್ಚು ಬರುವ ಪೀಕ್ ಹತ್ತಿರ ವೈರಸ್ ಕೊಟ್ಟು, ದಿನಾ ಮೊಟ್ಟೆ ಎಣಿಸಬೇಕು, ತೊಗಲು ಮೊಟ್ಟೆ ಎಷ್ಟು, ಬಣ್ಣ ಹೋದದ್ದು ಎಷ್ಟು ಅಂತ. ತಿಂಗಳುಗಟ್ಟಲೆ ಹಿಡಿಯುತ್ತದೆ. ಇದನ್ನು ಲಸಿಕೆ ರೂಪಿಸುವಾಗ ಮಾಡಿ, ಆಮೇಲೆ ಪ್ರತಿ ಬ್ಯಾಚಿಗೆ ಟೈಟರ್ ಮೇಲೆ ನಡೆಯುತ್ತೇವೆ.

ಪುಸ್ತಕದಲ್ಲಿ ಸಿಗದ್ದು ಒಂದು. ಹಿಂದೆ ನಾನಿದ್ದ ಒಂದು ಕಡೆ ಮೂರೂ ಆ್ಯಂಟಿಜೆನ್ ಬಿಡಿಬಿಡಿಯಾಗಿ ಚೆನ್ನಾಗಿದ್ದವು. ಸೇರಿಸಿ ಎಮಲ್ಷನ್ (ಎಣ್ಣೆ ನೀರಿನ ಮಿಶ್ರಣ) ಮಾಡಿದೆವು. ತಣ್ಣೀರಿನ ಮೇಲೆ ಒಂದು ಹನಿ ಬಿಟ್ಟರೆ ಮುತ್ತಿನ ಹಾಗೆ ನಿಂತಿತು, ಹರಡಲಿಲ್ಲ, ಅಂದರೆ ಎಣ್ಣೆ ಹೊರಗೆ, ನೀರು ಒಳಗೆ, ಪಾಸ್. ಅದೇ ಬಾಟಲಿ 37 ಡಿಗ್ರಿಯಲ್ಲಿ ಎರಡು ವಾರ ಇಟ್ಟಾಗ ತಳದಲ್ಲಿ ಒಂದು ಬೆರಳು ನೀರು. ಗಟ್ಟಿ ಮಾಡುವಾಗ ವೈರಸ್ ಜೊತೆ ಮೊಟ್ಟೆಯ ಪ್ರೋಟೀನೂ ಗಟ್ಟಿಯಾಗಿತ್ತು, ಅದೇ ಎಮಲ್ಷನ್ ಒಡೆಯಿತು. ತೊಳೆದು ಮತ್ತೆ ಮಾಡಿದೆವು. ಹನಿ ಪರೀಕ್ಷೆ ಆ ದಿನದ ಮಾತು ಹೇಳುತ್ತದೆ, ನಾಳೆಯದಲ್ಲ.

ತುರ್ತು ಪ್ರಶ್ನೆ (ಚಿತ್ರದುರ್ಗ): ಮೇಡಂ ಅರ್ಜೆಂಟ್. ಕಿಲ್ಡ್ ಹಾಕ್ತಿದ್ದ ನಮ್ಮ ಹುಡುಗನ ಬೆರಳಿಗೆ ಸೂಜಿ ಚುಚ್ಚಿ ಲಸಿಕೆ ಒಳಗೆ ಹೋಗಿದೆ. ನೋವು ಅಷ್ಟೇನಿಲ್ಲ ಅಂತಾನೆ. ಅರಿಶಿನ ಹಚ್ಚಿದ್ದೇವೆ.

ಉತ್ತರ: ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ನೋವು ಕಡಿಮೆ ಇದೆ ಅಂತ ಕಾಯಬೇಡಿ. ಬೆರಳಿನೊಳಗೆ ಮಿನರಲ್ ಎಣ್ಣೆ ಹೋದರೆ ಊತ ಬಂದು ರಕ್ತ ಓಡಾಟ ನಿಲ್ಲುತ್ತದೆ, ತಡವಾದರೆ ಬೆರಳೇ ಹೋಗಬಹುದು. ಬಾಟಲಿಯನ್ನೂ ಒಳಗಿನ ಚೀಟಿಯನ್ನೂ ಕೈಯಲ್ಲಿ ಹಿಡಿದುಕೊಂಡೇ ಹೋಗಿ. 'ಕೋಳಿ ಇಂಜೆಕ್ಷನ್' ಅಂದರೆ ಟಿಟಿ ಕೊಟ್ಟು ಕಳಿಸುತ್ತಾರೆ. 'ಎಣ್ಣೆ ಇರುವ ಲಸಿಕೆ, ಸರ್ಜನ್ ನೋಡಬೇಕು' ಅಂತ ಹೇಳಿ. ಬೆರಳು ಒತ್ತಬೇಡಿ, ಹಿಂಡಬೇಡಿ.

ಪ್ರಶ್ನೆ (ದಾವಣಗೆರೆ, ಲೇಯರ್): ಕಿಲ್ಡ್ ಹಾಕಿಸಿ ನಾಲ್ಕು ವಾರಕ್ಕೆ 20 ಕೋಳಿ ರಕ್ತ ಲ್ಯಾಬ್‌ಗೆ ಟೈಟರ್ ನೋಡಲು ಕೊಟ್ಟಿದ್ದೆ. ರಾಣಿಖೇತ್: 14 ಕೋಳಿಗೆ ಲಾಗ್ 8ರಿಂದ 10, 6 ಕೋಳಿಗೆ 3ರಿಂದ 5. ಇಡಿಎಸ್: 14ಕ್ಕೆ 7ರಿಂದ 9, 6ಕ್ಕೆ ಸೊನ್ನೆ. ಸರಾಸರಿ ಪರವಾಗಿಲ್ಲ ಅಂತ ಲ್ಯಾಬ್‌ನವರು ಅಂದರು. ಡೀಲರ್ ಡೂಪ್ಲಿಕೇಟ್ ಕೊಟ್ಟನಾ?

ಉತ್ತರ: ಇಡಿಎಸ್ ಸೊನ್ನೆ ಇರುವ ಆರು ಕೋಳಿ, ರಾಣಿಖೇತ್ ಕಡಿಮೆ ಇರುವ ಆರು ಕೋಳಿ, ಎರಡೂ ಒಂದೇನಾ? ನೋಡಿ ಹೇಳಿ.

ದಾವಣಗೆರೆ: ಹೌದು ಮೇಡಂ, ಅವೇ ಆರು ನಂಬರ್!

ಉತ್ತರ: ಹಾಗಾದರೆ ಡೀಲರನ್ನು ಬಿಡಿ, ಆ ಆರು ಕೋಳಿಗೆ ಲಸಿಕೆಯೇ ಒಳಗೆ ಹೋಗಿಲ್ಲ.

ಮೂರರ ಬಾಟಲಿಯಲ್ಲಿ ನನಗೆ ಅತಿ ಇಷ್ಟವಾದ ಗುಣ ಇದು. ರಾಣಿಖೇತ್‌ಗೆ ನೀವು ಮರಿಯಿಂದಲೂ ನೀರಿನಲ್ಲಿ, ಕಣ್ಣಿಗೆ ಲಾಸೋಟಾ ಕೊಟ್ಟಿರುತ್ತೀರಿ. ಕಿಲ್ಡ್ ತಪ್ಪಿದರೂ 3, 4, 5 ತೋರಿಸುತ್ತದೆ, ಹಳೆಯ ದುಡಿಮೆ. ಇಡಿಎಸ್‌ಗೆ ಹಾಗೆ ಲೈವ್ (ಜೀವಂತ ವೈರಸ್ಸಿನ ಲಸಿಕೆ) ಕೊಟ್ಟಿರುವುದಿಲ್ಲ. ರೋಗ ಬರದ ಕೋಳಿಯಲ್ಲಿ ಕಿಲ್ಡ್‌ಗೆ ಮೊದಲು ಅದು ಸೊನ್ನೆ. ಆಮೇಲೂ ಸೊನ್ನೆ ಅಂದರೆ ಲಸಿಕೆ ಒಳಗೆ ಹೋಗಿಲ್ಲ. ಇಡಿಎಸ್ ಕಾಲಮ್ಮೇ ಸಾಕ್ಷಿ ಹೇಳುತ್ತದೆ. ಲಸಿಕೆಯೇ ಕೆಟ್ಟಿದ್ದರೆ 20 ಕೋಳಿಯೂ ಒಟ್ಟಿಗೆ ಕೆಳಗಿರುತ್ತಿದ್ದವು, 14 ಕೋಳಿ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಸರಾಸರಿ ಇದನ್ನೆಲ್ಲ ಮುಚ್ಚಿಹಾಕುತ್ತದೆ.

ಆ ಆರು ಯಾವ ಸಾಲಿನವು ನೋಡಿ. ಒಂದೇ ಸಾಲಾದರೆ ಊಟದ ಹೊತ್ತಿಗೆ ಹುಡುಗರು ಸಾಲು ಬಿಟ್ಟಿದ್ದಾರೆ. ಚದುರಿದ್ದರೆ ಸಿರಿಂಜಿನಲ್ಲಿ ಗಾಳಿ, ಅಥವಾ ಕತ್ತಿನ ಚರ್ಮ ತೂರಿ ರೆಕ್ಕೆಪುಕ್ಕಕ್ಕೆ ಹೋಗಿದೆ. ಫ್ರಿಜ್‌ನಿಂದ ತೆಗೆದ ತಣ್ಣನೆ ಬಾಟಲಿ ದಪ್ಪಗಿರುತ್ತದೆ, ಪೂರ್ತಿ ಡೋಸ್ ಇಳಿಯಲ್ಲ. ಕೋಣೆಯ ಶಾಖಕ್ಕೆ ಬಂದ ಮೇಲೆ, ಕುಲುಕಿ, ಆಮೇಲೆ ಹಾಕಿ. ಮೇಲೆ ತೆಳುವಾಗಿ ಎಣ್ಣೆ ನಿಂತಿದ್ದರೆ ಕುಲುಕಿದರೆ ಸರಿಹೋಗುತ್ತದೆ. ತಳದಲ್ಲಿ ನೀರು ನಿಂತಿದ್ದರೆ ವಾಪಸ್ ಕೊಡಿ, ಫ್ರೀಜರ್‌ನಲ್ಲಿ ಹೆಪ್ಪುಗಟ್ಟಿದ್ದನ್ನೂ ಅಷ್ಟೇ.

ಪ್ರಶ್ನೆ (ತುಮಕೂರು): ರಾಣಿಖೇತ್ ಕಿಲ್ಡ್ ಹಾಕಿದ ಮೇಲೆ ಲಾಸೋಟಾ ನಿಲ್ಲಿಸಬಹುದಾ?

ಉತ್ತರ: ಬೇಡ. ಕಿಲ್ಡ್ ರಕ್ತದಲ್ಲಿ ಕಾವಲು ಹಾಕುತ್ತದೆ, ಮೂಗು ಗಂಟಲಿನ ಬಾಗಿಲಲ್ಲಿ ಅಷ್ಟಾಗಿ ಅಲ್ಲ. ಎರಡೂ ಬೇಕು.

ಪ್ರಶ್ನೆ (ಕೋಲಾರ, ಬ್ರಾಯ್ಲರ್): ನಮ್ಮ ಕಡೆ ಲೀಚಿ ರೋಗ. ಹೃದಯದ ಸುತ್ತ ನೀರು ತುಂಬಿ ಸಾಯ್ತಿವೆ. ಒಬ್ಬರು ಸತ್ತ ಕೋಳಿಯ ಲಿವರ್ ಅರೆದು ಫಾರ್ಮಾಲಿನ್ ಹಾಕಿ ಲಸಿಕೆ ಮಾಡಿಕೊಡ್ತೀನಿ ಅಂತಾರೆ, ಕಡಿಮೆ ರೇಟು.

ಉತ್ತರ: ಆ ವಿದ್ಯೆ ಸುಳ್ಳಲ್ಲ. 1987ರಲ್ಲಿ ಕರಾಚಿ ಹತ್ತಿರದ ಅಂಗಾರಾ ಗೋಠ್‌ನಲ್ಲಿ ಈ ರೋಗ ಮೊದಲು ಕಾಣಿಸಿಕೊಂಡಾಗ ಲಿವರ್ ಅರೆದೇ ಲಸಿಕೆ ಮಾಡಿದರು, ಕೆಲಸವೂ ಮಾಡಿತು. ಆದರೆ ಆ ಲಿವರ್‌ನಲ್ಲಿ ಲೀಚಿ ತರುವ ಅಡಿನೋವೈರಸ್ ಒಂದೇ ಇರುತ್ತದೆ ಅಂತ ಯಾರು ಹೇಳಿದರು? ಚಿಕನ್ ಅನೀಮಿಯಾ ವೈರಸ್ ಇದರ ಹಳೆಯ ಜೊತೆಗಾರ, ಅದು ಸುಲಭಕ್ಕೆ ಸಾಯದ ಜಾತಿ. ಇಡಿಎಸ್ ಕೂಡ ಮೂಲದಲ್ಲಿ ಬಾತುಕೋಳಿಯ ವೈರಸ್. ಬಾತುಕೋಳಿ ಜೀವಕೋಶದಲ್ಲಿ ಬೆಳೆಸಿದ ಲಸಿಕೆಯ ಜೊತೆ ಕೋಳಿಗೆ ದಾಟಿತು ಅನ್ನುವುದೇ ಪ್ರಬಲ ಅನುಮಾನ. 1976ರಲ್ಲಿ ನೆದರ್ಲೆಂಡ್ಸ್‌ನಲ್ಲಿ ವರದಿಯಾಯಿತು, ಅದಕ್ಕೇ ಇಡಿಎಸ್-76 ಅನ್ನುವುದು. ಲಸಿಕೆಯ ಬಾಗಿಲಿನಿಂದಲೇ ರೋಗ ಒಳಬಂದ ಉದಾಹರಣೆ ನಮ್ಮ ಬಾಟಲಿಯ ಲೇಬಲ್ ಮೇಲೇ ಇದೆ. ಪರವಾನಗಿ ಇಲ್ಲದೆ ಲಸಿಕೆ ಮಾಡಿ ಮಾರುವುದು ಕಾನೂನಿಗೂ ವಿರುದ್ಧ. ಪರವಾನಗಿ ಇರುವ ಕಿಲ್ಡ್ ಲಸಿಕೆ ಸಿಗುತ್ತದೆ, ನಿಮ್ಮ ಡಾಕ್ಟರ್ ಮೂಲಕ ತರಿಸಿ.

ಚಿತ್ರದುರ್ಗ (ಮಾರನೇ ದಿನ): ಮೇಡಂ, ಮೊದಲು ಹೋದ ಕಡೆ ಟಿಟಿ ಕೊಟ್ಟು ಮನೆಗೆ ಹೋಗಿ ಅಂದರು. ಬಾಟಲಿ ಚೀಟಿ ತೋರಿಸಿ ಜಗಳ ಮಾಡಿ ಬೇರೆ ಕಡೆ ಕರ್ಕೊಂಡು ಹೋದೆವು. ರಾತ್ರಿ ಬೆರಳು ಕೊಯ್ದು ತೊಳೆದರು. ಬೆಳಗ್ಗೆ ಬೆರಳು ಕೆಂಪಗಿದೆ, ಆಡಿಸ್ತಿದ್ದಾನೆ. ಇನ್ನು ಆ ಬಾಟಲಿಯಲ್ಲಿ 300 ಡೋಸ್ ಉಳಿದಿದೆ, ಇವತ್ತು ಹಾಕಿಸಲಾ?

ಉತ್ತರ: ಒಳ್ಳೆದಾಯ್ತು. ಡ್ರೆಸಿಂಗ್ ತಪ್ಪಿಸಬೇಡಿ, ಮತ್ತೆ ನೋವು ಏರಿದರೆ ತಕ್ಷಣ ಹೋಗಿ. ಬಾಟಲಿ ನಿನ್ನೆ ತೆರೆದದ್ದು, ಆಸ್ಪತ್ರೆಯನ್ನೂ ಸುತ್ತಿ ಬಂದಿದೆ. ಅದನ್ನು ಹಾಕಬೇಡಿ, ಹೊಸದು ತರಿಸಿ. ಎಲ್ಲಿಗೆ ನಿಲ್ಲಿಸಿದ್ದಿರಿ ಅಂತ ಕೇಜ್‌ಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದೀರಿ ತಾನೇ?